ಮೂವತ್ತು–ನಲವತ್ತರ ವಿಮಾನ

ಇಲ್ಲದ ವಿಮಾನವೊಂದನ್ನು ಹಾರಿಸಬೇಕಾದರೆ ಮೊದಲು ಅದರ ತೂಕವನ್ನು ಗೊತ್ತುಮಾಡಬೇಕಾಗುತ್ತದೆ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟಗಳು ಬರುವ ಮುನ್ನ ಕಾಲ್ಪನಿಕ ವಿಮಾನಗಳಿಗೆ ಈ ಕಷ್ಟವಿರಲಿಲ್ಲ. ಪುಷ್ಪಕ ವಿಮಾನದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಉಳಿಯುತ್ತಿತ್ತೆಂಬ ಮಾತಿದೆಯೇ ಹೊರತು, ಅದು ಖಾಲಿಯಿದ್ದಾಗ ಎಷ್ಟು ಕಿಲೋ ತೂಗುತ್ತಿತ್ತೆಂದು ರಾಮನೂ ಕೇಳಲಿಲ್ಲ, ವಿಭೀಷಣನೂ ಹೇಳಲಿಲ್ಲ. ಕರ್ನಾಟಕದ ಮಟ್ಟಿಗೆ ಇಂಥ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಯಿಸಿದ ‘ವೈಮಾನಿಕ ಶಾಸ್ತ್ರ’ವನ್ನೂ ಅದಕ್ಕೆ ಟಿ. ಕೆ. ಎಲ್ಲಪ್ಪನವರು ಬರೆದುಕೊಟ್ಟ ನಕ್ಷೆಗಳನ್ನೂ ಮುಂದಿಟ್ಟುಕೊಂಡು, ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕೂ ವಿಮಾನಗಳನ್ನು ಲೆಕ್ಕಕ್ಕೆ ಒಡ್ಡಿ, ಯಾವುದೂ ಹಾರಲಾರದೆಂದು ಅವರು 1974ರಲ್ಲಿ ತೀರ್ಪಿತ್ತರು. ರುಕ್ಮದ ವಿಷಯದಲ್ಲಿ ಮಾತ್ರ ಆ ತೀರ್ಪಿನ ದನಿ ತುಸು ಮೆತ್ತಗಾಗುತ್ತದೆ: ಮೇಲಿನ ಫ್ಯಾನುಗಳಿಂದ ಗಾಳಿಯನ್ನು ಹೀರಿ, ನೆಟ್ಟಗೆ ನಿಂತ ಕೊಳವೆಗಳ ಮೂಲಕ ಕೆಳಕ್ಕೆ ತಳ್ಳಿ ಮೇಲೇಳುವ ಉಪಾಯದಲ್ಲಿ ಸ್ವಲ್ಪವಾದರೂ ಅರ್ಥವಿದೆಯೆಂದು ಅವರು ಒಪ್ಪಿಕೊಂಡರು. ರನ್‌ವೇ ಮೇಲೆ ದೂರ ಓಡಿ ಏಳುವುದಕ್ಕಿಂತ ನಿಂತಲ್ಲಿಂದಲೇ ಏಳುವುದು ಈ ನಾಡಿನ ಕಲ್ಪನೆಗೆ ಹೆಚ್ಚು ಹಿಡಿಸಿತ್ತೆಂಬುದಕ್ಕೆ ಇದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬಹುದು.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಆ ಒಲವಿಗೆ ಭೌಗೋಳಿಕ ಕಾರಣವೂ ಇದೆ. ಪ್ರಯಾಣಿಕರ ವಿಮಾನ ಬಂದಿಳಿಯುವ ನಿಲ್ದಾಣ ಊರಿಗಿಲ್ಲ, ಮತ್ತು 2023ರ ಫೆಬ್ರವರಿ 27ರಂದು ಶಿವಮೊಗ್ಗದಲ್ಲಿ ನಿಲ್ದಾಣ ಉದ್ಘಾಟನೆಯಾದ ಮೇಲೆ, ಅದುವರೆಗೆ ಬರಿಯ ಕೊರತೆಯಾಗಿದ್ದದ್ದು ನೆರೆಮನೆಯವರು ಕಾರು ಕೊಂಡಾಗ ಉಂಟಾಗುವ ಬಗೆಯ ಕೊರತೆಯಾಗಿ ಮಾರ್ಪಟ್ಟಿತು. ಹೀಗಿರುವಾಗ ನಿಟ್ಟುವಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನು ಪರೀಕ್ಷೆಗೆ ಓದಬೇಕಾದ ರಾತ್ರಿಗಳಲ್ಲಿ ಆಟಕ್ಕಾಗಿ ಒಂದು ವಿಮಾನವನ್ನು ರಚಿಸಲು ಹೊರಟನೆಂದು ಕಲ್ಪಿಸಿಕೊಂಡರೆ, ಅವನು ಟಿಲ್ಟ್‌ರೋಟರನ್ನೇ ಆರಿಸಿಕೊಳ್ಳುವುದು ಸಹಜ. ರೆಕ್ಕೆಯ ಎರಡು ತುದಿಗಳಲ್ಲಿ ದೊಡ್ಡ ರೋಟರುಗಳನ್ನು, ಎಂದರೆ ತಿರುಗುವ ಅಲಗುಗಳನ್ನು, ಹೊತ್ತು, ಅವು ಆಕಾಶಕ್ಕೆ ಮುಖಮಾಡಿದಾಗ ಹೆಲಿಕಾಪ್ಟರಿನಂತೆ ನೇರ ಮೇಲೇರಿ, ಬಳಿಕ ಅವನ್ನೇ ಮುಂದಕ್ಕೆ ಬಾಗಿಸಿ ಸಾಧಾರಣ ವಿಮಾನದಂತೆ ರೆಕ್ಕೆಯ ಬಲದಿಂದ ಸಾಗುವ ಯಂತ್ರಕ್ಕೆ ಈ ಹೆಸರು.

ಇದರ ತತ್ತ್ವವನ್ನು ತಿಳಿಯಲು ಆ ಹುಡುಗನು ಅಮೆರಿಕದವರೆಗೆ ಹೋಗಬೇಕಾಗಿಲ್ಲ, 14 ಕಿ.ಮೀ. ದೂರದ ಹರಿಹರಕ್ಕೆ ಹೋದರೆ ಸಾಕು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದ ಅಲ್ಲಿನ ದೇವಾಲಯದಲ್ಲಿ ಅರ್ಧ ಹರಿ, ಅರ್ಧ ಹರನಾದ ಮೂರ್ತಿಯಿದೆ. ಹರಿಯಿಂದಲೂ ಹರನಿಂದಲೂ ಸಾವು ಬಾರದಂತೆ ವರ ಪಡೆದಿದ್ದ ಗುಹಾಸುರನನ್ನು ಮುಗಿಸಲು ಇಬ್ಬರೂ ಒಂದೇ ದೇಹದಲ್ಲಿ ಬಂದರೆಂಬುದು ಸ್ಥಳಪುರಾಣ. ರನ್‌ವೇ ಇಲ್ಲದ ಊರೆಂಬ ಅಸುರನು ವಿಮಾನಕ್ಕೆ ಬಗ್ಗುವುದಿಲ್ಲ, ದೂರವೆಂಬ ಅವನ ತಮ್ಮನು ಹೆಲಿಕಾಪ್ಟರಿನ ವೇಗಕ್ಕೆ ಬಗ್ಗುವುದಿಲ್ಲ, ಆದ್ದರಿಂದ ಇಲ್ಲಿಯೂ ಅರ್ಧ–ಅರ್ಧದ ಅವತಾರವೇ ಬೇಕಾಯಿತು. ದೇವರಿಬ್ಬರು ಒಂದಾಗಲು ಎಷ್ಟು ಕಾಲ ಹಿಡಿಯಿತೆಂದು ಪುರಾಣ ಹೇಳುವುದಿಲ್ಲವಾದರೂ ಎಂಜಿನಿಯರುಗಳಿಗೆ ಹಿಡಿದ ಕಾಲಕ್ಕೆ ದಾಖಲೆಯಿದೆ. ಬೆಲ್ ಕಂಪನಿಯ ಎಕ್ಸ್‌ವಿ-3 ನೆಲಬಿಟ್ಟು ಎದ್ದದ್ದು 1955ರಲ್ಲಿ, ಹಾರುತ್ತಿರುವಾಗಲೇ ರೋಟರುಗಳನ್ನು ಪೂರ್ತಿ ಮುಂದಕ್ಕೆ ಬಾಗಿಸಿದ್ದು 1958ರಲ್ಲಿ. ಆಸ್ಪ್ರೇ ಎಂಬ ಸೇನಾ ವಿಮಾನ ಮೊದಲು ಹಾರಿದ್ದು 1989ರಲ್ಲಿ, ಯುದ್ಧಸೇವೆಗೆ ಹೋದದ್ದು 2007ರಲ್ಲಿ. ನಾಗರಿಕರಿಗೆಂದು ರಚಿಸಿದ, ಒಂಬತ್ತು ಪ್ರಯಾಣಿಕರ ಎಡಬ್ಲ್ಯು609 ಅಂತೂ 2003ರಲ್ಲಿ ಹಾರಿ, ಇಪ್ಪತ್ತು ವರ್ಷ ಕಳೆದರೂ ಪ್ರಮಾಣಪತ್ರಕ್ಕಾಗಿ ಕಾಯುತ್ತಲೇ ಇತ್ತು. ಇಬ್ಬರು ಕೂರುವ ಹಗುರ ಟಿಲ್ಟ್‌ರೋಟರ್ ಅಂಗಡಿಯಲ್ಲಿ ಸಿಗುವ ವಸ್ತುವಲ್ಲವಾದ್ದರಿಂದ ಅದನ್ನು ಕಲ್ಪಿಸಿಕೊಳ್ಳುವುದೊಂದೇ ಮಿತವ್ಯಯದ ಮಾರ್ಗ.

ಕಲ್ಪನೆಗೆ ಕಡಿವಾಣ ಬೀಳುವುದೂ ಇಲ್ಲಿಂದಲೇ. ಆಸ್ಟಿನ್ ಮೇಯರ್ ಎಂಬಾತ 1990ರ ದಶಕದಲ್ಲಿ ರೂಪಿಸಿದ ಎಕ್ಸ್‌-ಪ್ಲೇನ್ ಎಂಬ ಆಟದಲ್ಲಿ ವಿಮಾನ ಕಟ್ಟುವ ಉಪಕರಣವೊಂದಿದ್ದು, ರೆಕ್ಕೆಯ ಉದ್ದ, ಅಲಗಿನ ತಿರುಚು, ಎಂಜಿನ್ನಿನ ಶಕ್ತಿ, ತೂಕದ ಹಂಚಿಕೆ ಇವನ್ನೆಲ್ಲ ತುಂಬಿಸಿಕೊಂಡು, ರೆಕ್ಕೆಯನ್ನೂ ಅಲಗುಗಳನ್ನೂ ಸಣ್ಣಸಣ್ಣ ತುಂಡುಗಳಾಗಿ ಎಣಿಸಿ, ಪ್ರತಿಯೊಂದು ತುಂಡಿನ ಮೇಲೆ ಗಾಳಿ ಎಷ್ಟು ಬಲ ಹಾಕುತ್ತದೆಂಬುದನ್ನು ಸೆಕೆಂಡಿಗೆ ಹಲವು ಬಾರಿ ಲೆಕ್ಕಹಾಕುತ್ತದೆ. ಈ ಕ್ರಮಕ್ಕೆ ಬ್ಲೇಡ್ ಎಲಿಮೆಂಟ್ ಸಿದ್ಧಾಂತವೆಂದು ಹೆಸರು. ಬಣ್ಣ ಎಷ್ಟೇ ಚೆನ್ನಾಗಿ ಬಳಿದಿದ್ದರೂ, ಬಾಲದ ಮೇಲೆ ಊರಿನ ಹೆಸರನ್ನು ಎಷ್ಟೇ ಭಕ್ತಿಯಿಂದ ಬರೆದಿದ್ದರೂ, ತೂಕ ತಪ್ಪಿದ ವಿಮಾನ ಕವುಚಿ ಬೀಳುತ್ತದೆ. ಐವರು ವಿದ್ವಾಂಸರು ಶ್ರಮಪಟ್ಟು ಕೊಟ್ಟ ತೀರ್ಪನ್ನು ಈ ಯಂತ್ರವು ಯಾವ ಸೌಜನ್ಯದ ಮಾತನ್ನೂ ಸೇರಿಸದೆ ಕ್ಷಣದಲ್ಲಿ ಕೊಡುತ್ತದೆ.

ನಿಟ್ಟುವಳ್ಳಿಯ ವಿಮಾನದ ಅಳತೆಯನ್ನು ನಿರ್ಧರಿಸುವುದು ವಾಯುಶಾಸ್ತ್ರಕ್ಕಿಂತ ಹೆಚ್ಚಾಗಿ ಸೈಟಿನ ಅಳತೆ. ಬಡಾವಣೆಗಳ ಮೂಲಮಾನವಾದ ಮೂವತ್ತು–ನಲವತ್ತರ ಸೈಟು ಮೀಟರಿನ ಲೆಕ್ಕದಲ್ಲಿ ಸುಮಾರು 9ಕ್ಕೆ 12. ಐದೈದು ಮೀಟರ್ ವ್ಯಾಸದ ಎರಡು ರೋಟರುಗಳನ್ನೂ ನಡುವೆ ಇಬ್ಬರು ಕೂರುವ ಒಡಲನ್ನೂ ಇಟ್ಟರೆ ವಿಮಾನದ ಅಗಲವೂ 12 ಮೀಟರಿಗೆ ಬಂದು ನಿಲ್ಲುವುದರಿಂದ, ನಲವತ್ತಡಿಯ ದಿಕ್ಕಿಗೆ ಸರಿಯಾಗಿ ನಿಲ್ಲಿಸಿದರೆ ಅದು ತಾರಸಿಯ ಮೇಲೆ ಹಿಡಿಸುತ್ತದೆ, ಆದರೆ ಅದಕ್ಕೆ ಸೆಟ್‌ಬ್ಯಾಕ್, ಎಂದರೆ ಗೋಡೆಗೂ ಗಡಿಗೂ ನಡುವಿನ ಖಾಲಿ ಜಾಗ, ಬಿಡದೆ ಮನೆ ಕಟ್ಟಿರಬೇಕು, ಮತ್ತು ನೀರಿನ ಟ್ಯಾಂಕನ್ನೂ ಡಿಶ್ಶನ್ನೂ ಬಟ್ಟೆ ಒಣಗಿಸುವ ತಂತಿಯನ್ನೂ ಮೊದಲೇ ಕೆಳಗಿಳಿಸಿರಬೇಕು. ಸೆಟ್‌ಬ್ಯಾಕ್ ಬಿಟ್ಟವರ ಮನೆಯಲ್ಲಿ ಅಲಗಿನ ತುದಿಗಳು ಪಕ್ಕದವರ ಗಡಿಯತ್ತ ಚಾಚುತ್ತವೆ. ಗಡಿಕಲ್ಲಿನ ನೇರಕ್ಕೆ ಎಷ್ಟು ಎತ್ತರದವರೆಗೆ ತಕರಾರು ಎತ್ತಬಹುದೆಂಬುದು ನ್ಯಾಯಶಾಸ್ತ್ರದ ಸೊಗಸಾದ ಪ್ರಶ್ನೆಯಾದರೂ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ರೋಟರನ್ನು ಚಿಕ್ಕದು ಮಾಡಬಾರದೇಕೆ ಎಂಬ ಪ್ರಶ್ನೆಗೆ ಉತ್ತರವಿದೆ. ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳುವುದು ಅಗ್ಗ, ಕಡಿಮೆ ಗಾಳಿಯನ್ನು ಜೋರಾಗಿ ತಳ್ಳುವುದು ದುಬಾರಿ. ವಿಮಾನ 1,200 ಕಿಲೋ ತೂಗಿದರೆ ಮೇಲಿನ ಅಳತೆಯ ರೋಟರುಗಳಿಂದ ಗಾಳಿಯಲ್ಲಿ ಸುಮ್ಮನೆ ನಿಲ್ಲಲು ಸುಮಾರು 260 ಅಶ್ವಶಕ್ತಿ ಸಾಕು. ವ್ಯಾಸವನ್ನು ಅರ್ಧಕ್ಕಿಳಿಸಿದರೆ ಶಕ್ತಿ ಇಮ್ಮಡಿಯಾಗಬೇಕು. ದೊಡ್ಡ ರೋಟರಿನ ಕೆಳಗೂ ಗಾಳಿ ಗಂಟೆಗೆ 80 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ ಸುರಿಯುತ್ತದೆ. ಭತ್ತದಿಂದ ಮಂಡಕ್ಕಿ ಮಾಡಿ, ಅದಕ್ಕೆ ಮಿರ್ಚಿ ಸೇರಿಸಿ ತಿನ್ನುವುದನ್ನು ಸಂಜೆಯ ಕರ್ತವ್ಯವೆಂದು ಭಾವಿಸಿದ ಊರಿನ ಮೇಲೆ, ವಿಶೇಷವಾಗಿ ಮಂಡಕ್ಕಿ ಭಟ್ಟಿಗಳ ಮೇಲೆ, ಇಂಥ ವಿಮಾನವು ತಗ್ಗಿನಲ್ಲಿ ನಿಂತರೆ ಒದಗುವ ಆರ್ಥಿಕ ಪರಿಣಾಮವನ್ನು ಯಾವ ಆಟವೂ ಈವರೆಗೆ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಆಟದೊಳಗಿನ ಊರು ಬೇರೆಯೇ. ಇಂಥದ್ದೇ ಇನ್ನೊಂದು ಆಟವಾದ ಮೈಕ್ರೋಸಾಫ್ಟಿನ 2020ರ ಫ್ಲೈಟ್ ಸಿಮ್ಯುಲೇಟರ್ ಉಪಗ್ರಹ ಚಿತ್ರಗಳನ್ನು ನೆಲಕ್ಕೆ ಹಾಸಿ, ಚಾವಣಿಗಳ ಆಕಾರ ನೋಡಿ ಮನೆಗಳನ್ನು ಊಹೆಯಿಂದ ಎಬ್ಬಿಸುತ್ತದೆ. ನಕ್ಷೆಯಲ್ಲಿ ಯಾರೋ 2 ಎಂದು ಬರೆಯಬೇಕಾದಲ್ಲಿ 212 ಎಂದು ಬರೆದದ್ದರಿಂದ ಮೆಲ್ಬರ್ನಿನ ಹೊರವಲಯದಲ್ಲಿ 212 ಅಂತಸ್ತಿನ ಕಟ್ಟಡವೊಂದು ಸೂಜಿಯಂತೆ ಎದ್ದು ನಿಂತು, ಜಗತ್ತಿನ ಆಟಗಾರರಿಗೆ ಯಾತ್ರಾಸ್ಥಳವಾಯಿತು. ಅಂಥ ಒಂದು ಕೈತಪ್ಪು ನಿಟ್ಟುವಳ್ಳಿಯಲ್ಲಿ ಆದರೆ ವಿಮಾನ ಇಳಿಯಲು ಸ್ಥಳ ಸಿಗದಿರಬಹುದು, ಮನೆಯ ಮಾಲೀಕರಿಗೆ ಮಾತ್ರ ಬಾಡಿಗೆಯ ಆಸೆ ಹುಟ್ಟದಿರದು.

ತಾರಸಿಯಿಂದೆದ್ದು, ಹನ್ನೆರಡೇ ಸೆಕೆಂಡಿನಲ್ಲಿ ರೋಟರು ಬಾಗಿಸಬಲ್ಲ ಆಸ್ಪ್ರೇಯನ್ನು ಅನುಸರಿಸಿ, ಗಂಟೆಗೆ 400 ಕಿ.ಮೀ. ವೇಗಕ್ಕೆ ಬರುವಷ್ಟರಲ್ಲಿ ಹರಿಹರ ಬಂದೇಬಿಡುತ್ತದೆ, ಏಕೆಂದರೆ ಆ ವೇಗದಲ್ಲಿ ಅಲ್ಲಿಗೆ ಎರಡೇ ನಿಮಿಷದ ದಾರಿ. ಬಾಗಿಸಿದ್ದನ್ನು ಕೂಡಲೇ ನೆಟ್ಟಗಾಗಿಸಬೇಕು. ವೇಗ ಇಳಿಯುವ ಮೊದಲೇ ನೆಟ್ಟಗಾಗಿಸಿದರೆ ಅಲಗುಗಳಿಗೆ ಅಪಾಯ, ತಡವಾದರೆ ರೆಕ್ಕೆಯೂ ಹೊರದು, ರೋಟರೂ ಎತ್ತದು, ನೆಟ್ಟಗಾಗಿಸದೆಯೇ ನೆಲ ಮುಟ್ಟಿದರೆ ಅಲಗುಗಳು ಮೊದಲು ನೆಲವನ್ನು ಉಳುತ್ತವೆ. ಇದನ್ನೆಲ್ಲ ಗೆದ್ದು ತುಂಗಭದ್ರೆಯ ದಡಕ್ಕೆ ಬಂದರೆ, ಪೋಲಾಳ್ವನ ದೇವಾಲಯವು ಆಟದ ಊಹಾಶಕ್ತಿಯಲ್ಲಿ ತಗಡಿನ ಚಾವಣಿಯ ಗೋದಾಮಾಗಿ ಎದುರಾಗುವ ಸಂಭವವೇ ಹೆಚ್ಚು. ವಿನ್ಯಾಸಕಾರನು ಅಲ್ಲಿ ತೇಲುತ್ತ, ಗರ್ಭಗುಡಿ ಯಾವ ಕಡೆಗೆ ಇರಬೇಕಿತ್ತೆಂದು ಯೋಚಿಸುತ್ತಿರುವಾಗ ಅಡುಗೆಮನೆಯಿಂದ ದನಿ ಬರುತ್ತದೆ: “ಲೇ, ನಿನ್ನ ವಿಮಾನ ಆಮ್ಯಾಲೆ ಹಾರ್ತತಿ, ಮೊದ್ಲು ಮಾಳಿಗಿ ಮ್ಯಾಲೆ ಹೋಗಿ ಸಂಡಿಗಿ ತಗಂಬಾ, ಮಳೆ ಬರಂಗೈತಿ.” ಪಾಜ್ ಗುಂಡಿಯನ್ನು ಒತ್ತಿದಾಗ ವಿಮಾನವು ಗೋದಾಮಿನ ಮೇಲೆ ಇದ್ದಲ್ಲಿಯೇ ನಿಲ್ಲುತ್ತದೆ, ಮತ್ತು ಆ ಸ್ಥಿತಿಯಲ್ಲಿ ನಿಲ್ಲಲು ಅದಕ್ಕೆ 260 ಅಶ್ವಶಕ್ತಿಯೂ ಬೇಕಾಗುವುದಿಲ್ಲ.