ನೆಂಟರು ಕೂರದ ಕುರ್ಚಿ

ನಮ್ಮ ಕಡೆ ಮನೆಗೆ ಕಂಪ್ಯೂಟರು ತಂದರೆ ಅದು ತಂದವನದ್ದಾಗಿರುವುದು ಪೆಟ್ಟಿಗೆ ಬಿಚ್ಚುವವರೆಗೆ ಮಾತ್ರ. ಆಮೇಲೆ ಅದು ಊರಿನ ಸೊತ್ತು. ಈಶ್ವರಮಂಗಲ ಇರುವುದು ಪುತ್ತೂರು ತಾಲೂಕಿನ ತುದಿಯಲ್ಲಿ. ಇನ್ನೂ ಸ್ವಲ್ಪ ಮುಂದೆ ಗಾಳಿಮುಖದತ್ತ ನಡೆದರೆ ಕೇರಳ. ಇಂಥ ಕಡೆ ಯಾರ ಮನೆಯ ಟೇಬಲ್ಲಿನ ಮೇಲೆ ಕಂಪ್ಯೂಟರು ಉಂಟು ಎಂಬುದು ಯಾರ ಹಟ್ಟಿಯಲ್ಲಿ ಕರೆಯುವ ದನ ಉಂಟು ಎಂಬುದಕ್ಕಿಂತ ಬೇಗ ಹಬ್ಬುತ್ತದೆ. ಒಬ್ಬರಿಗೆ ಆರ್‌ಟಿಸಿ ನೋಡಬೇಕು. ಇನ್ನೊಬ್ಬರಿಗೆ ಮಗನ ಪಿಯುಸಿ ರಿಸಲ್ಟು ಬೇಕು, ಅದೂ ಮಗ ನೋಡುವ ಮೊದಲೇ. ಮತ್ತೊಬ್ಬರು ಬ್ರಹ್ಮಕಲಶದ ಆಮಂತ್ರಣವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಂದು, "ಎಂತ ಇಲ್ಲ, ಎರಡು ಹೆಸರು ಬಿಟ್ಟುಹೋಗಿದೆ, ಸೇರಿಸಿ ಕೊಟ್ಟರೆ ಸಾಕು" ಎಂದು ಕೂರುತ್ತಾರೆ. ಸೇರಿಸಿ ಮುಗಿಯುವಷ್ಟರಲ್ಲಿ ಸಮಿತಿಯೇ ಬದಲಾಗಿರುತ್ತದೆ.

ಇವರನ್ನೆಲ್ಲ ಹೇಗೋ ಸಹಿಸಬಹುದು. ಒಂದು ಲೋಟ ಚಹಾ ಕುಡಿದು ಎದ್ದು ಹೋಗುವವರು. ಏಳದೆ ಇದ್ದದ್ದು ಹುಡುಗರು. ಏಪ್ರಿಲ್ ಬಂತೆಂದರೆ ಅಳಿಯಂದಿರು, ಅವರ ದೋಸ್ತಿಗಳು, ದೋಸ್ತಿಗಳ ತಮ್ಮಂದಿರು ನಮ್ಮ ಚಾವಡಿಯಲ್ಲಿ ಠಿಕಾಣಿ. ರೋಡ್ ರ್ಯಾಶ್, ಐಜಿಐ, ವೈಸ್ ಸಿಟಿ, ಕ್ರಿಕೆಟ್ 07. ಈ ಗೇಮುಗಳನ್ನು ದುಡ್ಡು ಕೊಟ್ಟು ಕೊಂಡ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ನಮ್ಮ ಜಿಲ್ಲೆಯಲ್ಲಿ ಕಂಡವನಲ್ಲ. ಅವು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ, ವೈರಸ್ಸಿನ ಸಮೇತ, ಸಂಸಾರ ಮಾಡಿಕೊಂಡು ಬರುತ್ತಿದ್ದವು. ಮಂಗಳೂರಿನ ಹಂಪನಕಟ್ಟೆಯಲ್ಲಿ ಬಿಟ್ಟರೆ ಅಳುವ ಹುಡುಗ ವೈಸ್ ಸಿಟಿಯ ಗಲ್ಲಿಗಳಲ್ಲಿ ಕಣ್ಣು ಮುಚ್ಚಿ ಬೈಕು ಓಡಿಸುತ್ತಿದ್ದ. ಹಿಂದೆ ನಿಂತು ನೋಡುವುದು ನನ್ನ ಪಾಲು. ನನಗೂ ಗೇಮಿನ ಹುಚ್ಚು ಉಂಟು ಎಂಬುದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಮೀಸೆ ಇರುವವನು, ತೋಟ ಇರುವವನು, ಅವನಿಗೆ ಎಂತ ಗೇಮು? "ಮಾವ, ಇದೊಂದು ಲೆವೆಲ್" ಎಂದು ಅವರು, ಆಯಿತು ಎಂದು ನಾನು. ಆ ಒಂದು ಲೆವೆಲ್ ಮುಗಿದ ದಿನ ಶಾಲೆ ಶುರುವಾಗುತ್ತಿತ್ತು.

ಆಗ ನಾನು ವಿಂಡೋಸ್ ತೆಗೆದು ಲಿನಕ್ಸ್ ಹಾಕಿದೆ.

ಲಿನಕ್ಸಿನಲ್ಲಿ ಗೇಮ್ ಆಡುತ್ತೇನೆ ಎಂದರೆ ಜನ ಕಾರಣ ಕೇಳುತ್ತಾರೆ. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಕಾರಣ ತಯಾರಿಟ್ಟುಕೊಂಡಿದ್ದೇನೆ. ಅಪ್ಪನಿಗೆ, "ಅದು ಪುಕ್ಕಟೆ." ಅಪ್ಪ ಅಲ್ಲಿಗೇ ತೃಪ್ತರು. ಪುಕ್ಕಟೆ ಸಿಕ್ಕಿದ್ದಕ್ಕೆ ಎರಡನೇ ಪ್ರಶ್ನೆ ಕೇಳುವ ಪದ್ಧತಿ ನಮ್ಮ ಕುಟುಂಬದಲ್ಲಿಲ್ಲ. ಹೆಂಡತಿಗೆ, "ಹಳೆಯ ಕಂಪ್ಯೂಟರಿಗೆ ಇದೇ ಒಳ್ಳೆಯದು, ಹೊಸತು ತರುವುದು ಬೇಡ." ಇದರಲ್ಲಿ ಸುಳ್ಳಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಕಾವಲಿನ ಚಿಪ್ಪು ಬೇಕು, ಅದಿಲ್ಲದ ಹಳೆಯ ಯಂತ್ರಗಳು ಲೆಕ್ಕಕ್ಕಿಲ್ಲ. ಶಾಲೆಯ ಮಾಸ್ತರರು ಕೇಳಿದರೆ ಸ್ವಲ್ಪ ದೊಡ್ಡ ಮಾತು: 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಗ್ನೂ ಯೋಜನೆ ಘೋಷಿಸಿದರು, 1991ರಲ್ಲಿ ಫಿನ್‌ಲ್ಯಾಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಕರ್ನಲ್ ಎಂಬ ತಿರುಳನ್ನು ಬರೆದ, ಎರಡೂ ಸೇರಿ ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶವಾಯಿತು ಮಾಸ್ತ್ರೇ, ಇದು ಸ್ವಾತಂತ್ರ್ಯದ ಪ್ರಶ್ನೆ. ಮಾಸ್ತರರು ಆಗಸ್ಟ್ 15ಕ್ಕೆ ಭಾಷಣ ಮಾಡಲು ಬರುತ್ತೀರಾ ಎಂದು ಕೇಳಿದ ಮೇಲೆ ಈ ಕಾರಣವನ್ನು ಕಡಿಮೆ ಬಳಸುತ್ತಿದ್ದೇನೆ.

ನಿಜವಾದ ಕಾರಣ ಇಷ್ಟೇ: ಲಿನಕ್ಸ್ ಹಾಕಿದ ಕಂಪ್ಯೂಟರಿನ ಹತ್ತಿರ ಯಾರೂ ಬರುವುದಿಲ್ಲ.

ಹಾಕಿದ ವಾರದಲ್ಲೇ ಫಲ ಕಂಡಿತು. ಆಮಂತ್ರಣದವರು ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ಫೈಲು ತಂದರು. ತೆರೆದರೆ ತೆರೆಯ ತುಂಬ ಇಂಗ್ಲಿಷ್ ಅಕ್ಷರ, ಬ್ರಾಕೆಟ್ಟು, ಚುಕ್ಕಿ. "ಅಧ್ಯಕ್ಷರ ಹೆಸರು ಎಲ್ಲಿ?" ಎಂದು ಕೇಳಿದರು. ಇದೇ ಇರಬೇಕು ಎಂದು ಒಂದು ಆಶ್ಚರ್ಯಸೂಚಕ ಚಿಹ್ನೆಯನ್ನು ತೋರಿಸಿದೆ. ನುಡಿಯ ಫಾಂಟನ್ನು ತಂದು ಹಾಕಲು ಹೆಚ್ಚು ಹೊತ್ತು ಬೇಡ. ಹಾಕಲಿಲ್ಲ. ಹುಡುಗರು ಪೆನ್‌ಡ್ರೈವು ಚುಚ್ಚಿದರು. ಒಳಗಿದ್ದ ವಿಂಡೋಸಿನ ಎಕ್ಸಿ ಫೈಲುಗಳನ್ನು ಎಷ್ಟು ಒತ್ತಿದರೂ ಗೇಮೂ ಏಳಲಿಲ್ಲ, ವೈರಸ್ಸೂ ಏಳಲಿಲ್ಲ. "ಇದು ಹಾಳಾಗಿದೆ ಮಾವ" ಎಂದು ತೀರ್ಪು ಕೊಟ್ಟು ಗುಡ್ಡೆಗೆ ಕ್ರಿಕೆಟ್ ಆಡಲು ಹೋದರು. ಸ್ಟಾರ್ಟ್ ಬಟನ್ನು ಇದ್ದ ಜಾಗದಲ್ಲಿ ಇಲ್ಲದ್ದು ನೋಡಿ ದೊಡ್ಡವರೂ ದೂರ ಸರಿದರು.

ಜೂನ್, ಜುಲೈಯಲ್ಲಿ ನಮ್ಮಲ್ಲಿ ಮಳೆ ಬಿಡುವುದಿಲ್ಲ. ಬಿಟ್ಟಾಗ ಅಡಿಕೆಗೆ ಮದ್ದು ಬಿಡಬೇಕು, ಬಿಡದಿದ್ದಾಗ ಕೊಳೆರೋಗದ ಚಿಂತೆ ಮಾಡಬೇಕು. ಚಿಂತೆ ಮಾಡುತ್ತಾ ಆಡಬಹುದಾದ ಗೇಮ್ 'ಬ್ಯಾಟಲ್ ಫಾರ್ ವೆಸ್ನೋತ್'. 2003ರಲ್ಲಿ ಡೇವಿಡ್ ವೈಟ್ ಶುರು ಮಾಡಿದ್ದು, ಇವತ್ತಿಗೂ ಪುಕ್ಕಟೆ, ಲಿನಕ್ಸಿನಲ್ಲಿ ತವರುಮನೆಯಲ್ಲಿದ್ದಂತೆ ಓಡುತ್ತದೆ. ಷಟ್ಕೋನದ ಮನೆಗಳ ಮೇಲೆ ಎಲ್ಫರೂ ಓರ್ಕರೂ ಸರದಿಯ ಪ್ರಕಾರ ಯುದ್ಧ ಮಾಡುತ್ತಾರೆ. ಸರದಿಯ ಪ್ರಕಾರ ಎಂಬುದೇ ಇದರ ದೊಡ್ಡ ಗುಣ. ನಾನು ನಡೆ ಹಾಕುವವರೆಗೆ ಶತ್ರು ಕತ್ತಿ ಹಿಡಿದುಕೊಂಡೇ ಕಾಯುತ್ತಾನೆ. ಎದ್ದು ದನಕ್ಕೆ ಹುಲ್ಲು ಹಾಕಿ, ಫೋನಿನಲ್ಲಿ ಧಾರಣೆ ವಿಚಾರಿಸಿ ಬಂದರೂ ಅವನು ಅಲ್ಲೇ ಇರುತ್ತಾನೆ. ಇಷ್ಟು ಮರ್ಯಾದಸ್ಥ ಶತ್ರುಗಳು ನಮ್ಮ ಜಾಗದ ತಕರಾರುಗಳಲ್ಲಿ ಸಿಗುವುದಿಲ್ಲ.

ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿರುವ ನನ್ನ ಭಾವ ನಾಗರಪಂಚಮಿಗೆ ಬಂದಾಗ ನನ್ನ ತೆರೆಯನ್ನು ನೋಡಿ ನಕ್ಕ. "ಸರ್ವರಿಗೆ ಲಿನಕ್ಸ್ ಸರಿ ಭಾವ, ಗೇಮಿಗೆ ಯಾರಾದರೂ ಹಾಕುತ್ತಾರಾ?" ಅವನಿಗೆ ನಾನು ಇತಿಹಾಸ ಹೇಳಬೇಕಾಯಿತು. 1998ರಲ್ಲಿ ಲೋಕಿ ಎಂಬ ಕಂಪೆನಿ ದೊಡ್ಡ ಗೇಮುಗಳನ್ನು ಲಿನಕ್ಸಿಗೆ ತರಲು ಹೊರಟು 2002ರಲ್ಲಿ ಬಾಗಿಲು ಹಾಕಿತು. ಕೊಳ್ಳುವವರೇ ಇರಲಿಲ್ಲ. ಭಾವ ಅದನ್ನು ದುರಂತ ಎಂದ. ನನ್ನ ದೃಷ್ಟಿಯಲ್ಲಿ ಅದು ಸುವರ್ಣಯುಗ: ಲಿನಕ್ಸಿನವನ ಕುರ್ಚಿಯನ್ನು ಕೇಳುವವರು ಜಗತ್ತಿನಲ್ಲೇ ಇಲ್ಲದ ಕಾಲ.

ಕೆಟ್ಟದ್ದು ಆಮೇಲೆ. ವೈನ್ ಎಂಬ ತಂತ್ರಾಂಶ 1993ರಿಂದಲೇ ಇತ್ತು. ವಿಂಡೋಸಿನ ಪ್ರೋಗ್ರಾಮು ಕೇಳಿದ್ದನ್ನೆಲ್ಲ ಲಿನಕ್ಸಿಗೆ ತಿಳಿಯುವ ಹಾಗೆ ತಿರುಗಿಸಿ ಹೇಳುವುದು ಅದರ ಕೆಲಸ. ಆದರೆ ಹೊಸ ಗೇಮುಗಳ ಚಿತ್ರದ ಲೆಕ್ಕಾಚಾರದಲ್ಲಿ ಮುಗ್ಗರಿಸುತ್ತಿತ್ತು. ಫಿಲಿಪ್ ರೆಬೋಲೆ ಎಂಬ ಯುವಕನಿಗೆ 'ನಿಯರ್ ಆಟೋಮೇಟಾ' ಎಂಬ ಒಂದು ಗೇಮನ್ನು ಲಿನಕ್ಸಿನಲ್ಲಿ ಆಡಲೇಬೇಕೆಂಬ ಹಟ ಬಂತು. ಚಿತ್ರ ಬಿಡಿಸಲು ವಿಂಡೋಸ್ ಬಳಸುವ ಡೈರೆಕ್ಟ್‌ತ್ರೀಡಿಯ ಆಜ್ಞೆಗಳನ್ನು ಲಿನಕ್ಸಿಗೂ ತಿಳಿಯುವ ವಲ್ಕನ್‌ಗೆ ಬದಲಾಯಿಸುವ ಡಿಎಕ್ಸ್‌ವಿಕೆ ಎಂಬುದನ್ನು ಬರೆದೇಬಿಟ್ಟ. ಸ್ಟೀಮ್ ಎಂಬ ಗೇಮಿನ ಅಂಗಡಿ ನಡೆಸುವ ವಾಲ್ವ್ ಕಂಪೆನಿ ಇಂಥ ಹುಡುಗರಿಗೆ ಸಂಬಳ ಕೊಟ್ಟು, ವೈನನ್ನೂ ಇದನ್ನೂ ಕಟ್ಟಿ, 2018ರ ಆಗಸ್ಟಿನಲ್ಲಿ ಪ್ರೋಟಾನ್ ಎಂದು ಹೊರತಂದಿತು. ವಾಲ್ವ್‌ನ ಯಜಮಾನ ಗೇಬ್ ನ್ಯೂಯೆಲ್ ಹಿಂದೆ ಮೈಕ್ರೋಸಾಫ್ಟಿನಲ್ಲೇ ಇದ್ದವರು. 2012ರಲ್ಲಿ ವಿಂಡೋಸ್ 8 ಬರುವಾಗ, ಅದು ಅನಾಹುತ ಎಂದು ಬಹಿರಂಗವಾಗಿ ಹೇಳಿ, ಮರುವರ್ಷವೇ ಸ್ಟೀಮನ್ನು ಲಿನಕ್ಸಿಗೆ ತಂದಿದ್ದರು. 2022ರಲ್ಲಿ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರ ಬಂತು; ಅದರ ಹೊಟ್ಟೆಯೊಳಗೂ ಲಿನಕ್ಸೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು, ಅದೇ ತಿಂಗಳ ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸಿನವರ ಪಾಲು ಮೊದಲ ಸಲ ಶೇ. 3 ದಾಟಿತು. ಲಿನಕ್ಸಿನ ಅಭಿಮಾನಿಗಳು ಸಂಭ್ರಮಿಸಿದರಂತೆ. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಹೀಗೆ ನೂರಕ್ಕೆ ಮೂರು ಮಂದಿ ಎಂದರೆ ನಮ್ಮ ಊರಿಗೂ ಒಬ್ಬಿಬ್ಬರು ಬಂದೇ ಬರುತ್ತಾರೆ.

ಯಾವ ಗೇಮ್ ಎಷ್ಟು ಚೆನ್ನಾಗಿ ಓಡುತ್ತದೆ ಎಂದು ಆಡಿದವರೇ ದರ್ಜೆ ಕೊಡುವ ಪ್ರೋಟಾನ್‌ಡಿಬಿ ಎಂಬ ಪಟ್ಟಿ ಉಂಟು. ಪ್ಲಾಟಿನಂ, ಚಿನ್ನ, ಬೆಳ್ಳಿ, ಕಂಚು, ಕೊನೆಗೆ ಕೆಟ್ಟುಹೋದದ್ದು. ನಾವು ಅಡಿಕೆಯನ್ನು ಡಬಲ್ ಚೋಲು, ಹೊಸತು, ಪಟೋರ, ಉಳ್ಳಿ, ಕರಿಗೋಟು ಎಂದು ಗೋಣಿಗೆ ಹಾಕುವ ಕ್ರಮವೇ. ವ್ಯತ್ಯಾಸ ಇಷ್ಟು: ಎಲ್ಲರೂ ಪ್ಲಾಟಿನಂ ಹುಡುಕಿದರೆ ನಾನು ಮೊದಲು ನೋಡುವುದು ಕರಿಗೋಟಿನ ಗೋಣಿ. ಹುಡುಗರಿಗೆ ಬೇಕಾದದ್ದು ಇರುವುದು ಅದರಲ್ಲಿ, ಇಲ್ಲವೇ ಪಟ್ಟಿಗೇ ಸೇರದೆ ಹೊರಗೆ. ವ್ಯಾಲೊರಂಟ್ ಎಂಬುದೊಂದು ಗುಂಡು ಹಾರಿಸುವ ಗೇಮ್. ಕಳ್ಳಾಟ ಹಿಡಿಯಲೆಂದು ಅದರ ಜತೆ ವ್ಯಾನ್‌ಗಾರ್ಡ್ ಎಂಬ ಕಾವಲುಗಾರ ಬಂದು ವಿಂಡೋಸಿನ ಕರ್ನಲ್ಲಿನ ಒಳಗೇ ಕೂರುತ್ತಾನೆ. ಲಿನಕ್ಸಿನಲ್ಲಿ ಅವನಿಗೆ ಜಾಗವಿಲ್ಲ, ಅವನಿಲ್ಲದೆ ಗೇಮ್ ಏಳುವುದಿಲ್ಲ. ಫೋರ್ಟ್‌ನೈಟ್‌ನದ್ದೂ ಇದೇ ಕತೆ. ಜಿಟಿಎ ಐದರಲ್ಲಿ ಒಬ್ಬನೇ ಆಡುವುದಕ್ಕೆ ಅಡ್ಡಿಯಿಲ್ಲ, ಆದರೆ 2024ರ ಸೆಪ್ಟೆಂಬರಿನಲ್ಲಿ ಬ್ಯಾಟಲ್‌ಐ ಎಂಬ ಕಾವಲು ಬಂದ ಮೇಲೆ ಅದರ ಆನ್‌ಲೈನ್ ಬಾಗಿಲು ಲಿನಕ್ಸಿನವರಿಗೆ ಮುಚ್ಚಿತು. ಜಗತ್ತಿನ ಲಿನಕ್ಸಿಗರು ಕಂಪೆನಿಗಳಿಗೆ ಹಿಡಿಶಾಪ ಹಾಕುತ್ತಾರೆ. ಗೇಟಿನ ಹತ್ತಿರ ಹುಡುಗರು "ಮಾವ, ವ್ಯಾಲೊರಂಟ್ ಉಂಟಾ?" ಎಂದು ಕೂಗಿದಾಗ "ಇಲ್ಲ ಮಕ್ಕಳೇ, ಇದರಲ್ಲಿ ಓಡುವುದಿಲ್ಲ" ಎಂದು ಖೇದದಿಂದ ಹೇಳುವ ಸುಖ ಅವರಿಗೆ ತಿಳಿಯದು. ನಾಯಿಗೆ ಕೂಡ ಕೆಲಸ ಕಡಿಮೆಯಾಗಿದೆ.

ಉತ್ತರ, ಪೂರ್ವ, ಪಶ್ಚಿಮದಿಂದ ಯಾರೂ ಬರುವ ಹಾಗಿಲ್ಲ ಎಂದು ನಿಶ್ಚಿಂತೆಯಲ್ಲಿದ್ದೆ. ದಕ್ಷಿಣ ದಿಕ್ಕನ್ನು ನೋಡಿರಲಿಲ್ಲ.

ಅಕ್ಕನನ್ನು ಕೊಟ್ಟದ್ದು ಕೇರಳದ ಮುಳ್ಳೇರಿಯದ ಕಡೆಗೆ. ನಡುವೆ ರಾಜ್ಯದ ಗಡಿ ಇದ್ದರೂ ನಮಗೆ ಅದು ಮದುವೆ, ಪೂಜೆಗಳಲ್ಲಿ ಗೊತ್ತಾಗುವುದಿಲ್ಲ. ಗೊತ್ತಾಗುವುದು ರಜೆಯಲ್ಲಿ. ನಮ್ಮ ಮಕ್ಕಳಿಗೆ ದಸರಾ ರಜೆ, ಅವರಿಗೆ ಓಣಂ ರಜೆ. ಹಾಗಾಗಿ ಓಣಂಗೆ ಅಕ್ಕನ ಮಗಳು ಬಂದಾಗ ಇಲ್ಲಿಯ ಹುಡುಗರೆಲ್ಲ ಶಾಲೆಯಲ್ಲಿ. ಒಂಬತ್ತನೇ ಕ್ಲಾಸಿನ ಹುಡುಗಿ, ಕನ್ನಡ ಮಾಧ್ಯಮ, ಮಾತು ಕಡಿಮೆ. ಇವಳಿಂದ ತೊಂದರೆ ಇಲ್ಲ ಎಂದುಕೊಂಡೆ. ಅವಳು ನನ್ನ ಹಿಂದೆ ಬಂದು ನಿಂತು ತೆರೆಯನ್ನು ನೋಡಿ ಕೇಳಿದಳು:

"ಮಾವ, ಇದು ಉಬುಂಟುವಾ?"

ನಾನು ಹಾಕಿದ ಲಿನಕ್ಸಿನ ಹೆಸರೇ ಅದು. ಬಾಯಲ್ಲಿದ್ದ ವೀಳ್ಯ ಹಾಗೇ ನಿಂತಿತು.

"ನಮ್ಮ ಶಾಲೆಯಲ್ಲಿ ಎಲ್ಲ ಇದೇ. ವಿಂಡೋಸ್ ಇಲ್ಲ" ಎಂದಳು, ನಮ್ಮಲ್ಲಿ ಕಾಫಿ ಇಲ್ಲ, ಚಹಾ ಮಾತ್ರ ಎನ್ನುವ ದನಿಯಲ್ಲಿ.

ಭಾಷಣದ ಮಾಸ್ತರರಿಗೆ ನಾನು ಹೇಳಿದ ಸ್ಟಾಲ್‌ಮನ್ 2001ರಲ್ಲಿ ತಿರುವನಂತಪುರಕ್ಕೆ ಬಂದು ಭಾರತದ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನಕ್ಕೆ ಚಾಲನೆ ಕೊಟ್ಟಿದ್ದರು. ಅದೇ ವರ್ಷ ಕೇರಳ ಸರಕಾರದ ಐಟಿ ಅಟ್ ಸ್ಕೂಲ್ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಸರಕಾರಿ ಶಾಲೆಗಳ ಲ್ಯಾಬುಗಳು ಲಿನಕ್ಸಿಗೆ ಬಂದವು. 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಕಂಪೆನಿಯಾಯಿತು. ಉಬುಂಟುವನ್ನು ತಮಗೆ ಬೇಕಾದ ಹಾಗೆ ತಿದ್ದಿ ಅವರೇ ಶಾಲೆಗಳಿಗೆ ಕೊಡುತ್ತಾರೆ. ಕಾಸರಗೋಡಿನ ಕನ್ನಡ ಮಕ್ಕಳಿಗೆ ಐಟಿಯ ಪಠ್ಯಪುಸ್ತಕ ಕನ್ನಡದಲ್ಲೇ ಉಂಟು. ಇದರ ಮೇಲೆ ಲಿಟಲ್ ಕೈಟ್ಸ್ ಎಂಬ ಕ್ಲಬ್ಬು. ಪರೀಕ್ಷೆ ಬರೆದು ಆಯ್ಕೆಯಾದ ಹೈಸ್ಕೂಲ್ ಮಕ್ಕಳು ಅನಿಮೇಷನ್, ಪ್ರೋಗ್ರಾಮಿಂಗ್ ಕಲಿಯುತ್ತಾರೆ. ನಮ್ಮ ಹುಡುಗಿ ಅದರಲ್ಲಿ ಇದ್ದಾಳೆ ಎಂದು ಅಕ್ಕ ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದಳು. ಗಾಳಿಪಟ ಹಾರಿಸುವ ಸಂಘ ಇರಬೇಕೆಂದು ನಾನು "ಒಳ್ಳೆಯದು, ಬಿಸಿಲಿಗೆ ಟೊಪ್ಪಿ ಹಾಕಲಿ" ಎಂದಿದ್ದೆ.

ಮಧ್ಯಾಹ್ನ ಊಟ ಮಾಡಿ ಒಂದು ಕಣ್ಣು ನಿದ್ದೆ ತೆಗೆದು ಬರುವಷ್ಟರಲ್ಲಿ ಕುರ್ಚಿ ಹೋಗಿತ್ತು. ಹುಡುಗಿ ನಾನು ಅಡಗಿಸಿಟ್ಟ ಫೋಲ್ಡರುಗಳನ್ನು ಒಂದೊಂದಾಗಿ ತೆರೆದಿದ್ದಳು. ಹೆಸರಿನ ಮೊದಲಿಗೆ ಚುಕ್ಕಿ ಇಟ್ಟರೆ ಫೈಲು ಕಾಣುವುದಿಲ್ಲ ಎಂಬ ನನ್ನ ಮಹಾವಿದ್ಯೆ ಅವರ ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತಂತೆ. "ಜಿಟಿಎ ಇಲ್ಲ ಅಂತ ಹೇಳಿದ್ದೀರಲ್ಲ ಮಾವ, ಉಂಟಲ್ಲ" ಎಂದಳು. ನುಡಿ ಫಾಂಟನ್ನೂ ತಂದು ಹಾಕಿದ್ದಳು. ಸಂಜೆ ಆಮಂತ್ರಣದವರು ಬಂದರು. ಎರಡು ಹೆಸರು ಸೇರಿಸಿಕೊಟ್ಟಳು. ಅಧ್ಯಕ್ಷರ ಹೆಸರು ಅಧ್ಯಕ್ಷರ ಜಾಗದಲ್ಲೇ ಇತ್ತು. ಅವರು ನನ್ನ ಮುಖ ನೋಡಿದ ರೀತಿಯನ್ನು ಇಲ್ಲಿ ವಿವರಿಸುವುದಿಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಹುಡುಗರನ್ನು ಅವಳೇ ಕರೆತಂದಳು. ಸೂಪರ್‌ಟಕ್ಸ್‌ಕಾರ್ಟ್ ಎಂಬ ಪೆಂಗ್ವಿನ್ ಗಾಡಿಯ ರೇಸು ಹಾಕಿ, ತೆರೆಯನ್ನು ನಾಲ್ಕು ಭಾಗ ಮಾಡಿ, ಒಂದೇ ಕಂಪ್ಯೂಟರಿನಲ್ಲಿ ನಾಲ್ವರನ್ನು ಕೂರಿಸಿದಳು. ಒಬ್ಬೊಬ್ಬನಿಗೂ ಒಂದೊಂದು ಯೂಸರ್ ಅಕೌಂಟು, ಒಂದೊಂದು ಪಾಸ್‌ವರ್ಡು. ನನಗೂ ಒಂದು ಮಾಡಿಕೊಟ್ಟಳು. ಏನೋ ಇನ್‌ಸ್ಟಾಲು ಮಾಡಲು ಹೋದರೆ ಅನುಮತಿ ಇಲ್ಲ ಎಂದು ಬಂತು.

"ನಿಮಗೆ ಸುಡೋ ಕೊಡಲಿಲ್ಲ ಮಾವ. ಹಾಳು ಮಾಡುತ್ತೀರಿ. ಎಂತಾದರೂ ಬೇಕಾದರೆ ನನಗೆ ಫೋನು ಮಾಡಿ."

ಫ್ರೀಬಿಎಸ್‌ಡಿ ಎಂಬ ಇನ್ನೊಂದು ವ್ಯವಸ್ಥೆ ಉಂಟಂತೆ. ಅದೂ ಪುಕ್ಕಟೆ, ಅಪ್ಪನಿಗೆ ಬೇರೆ ಕಾರಣ ಹುಡುಕುವುದು ಬೇಡ. ಗೇಮ್ ಓಡಿಸುವ ಕಷ್ಟ ಲಿನಕ್ಸಿಗಿಂತ ಹೆಚ್ಚು, ಅದು ಇನ್ನೂ ಒಳ್ಳೆಯದು. ನಿಮ್ಮ ಶಾಲೆಯಲ್ಲಿ ಅದು ಉಂಟಾ ಎಂದು ಹುಡುಗಿಯನ್ನು ಬೇರೇನೋ ಮಾತಿನ ನಡುವೆ ಉಪಾಯವಾಗಿ ಕೇಳಿದೆ. ಇಲ್ಲ ಎಂದಳು. ಅವಳು ಊರಿಗೆ ಹೋದ ರಾತ್ರಿ ಫೋನಿನಲ್ಲಿ ಅದರ ವಿಷಯ ತೆರೆದು ಓದುತ್ತಿದ್ದಾಗ ಹೆಂಡತಿ ಹಿಂದಿನಿಂದ ಇಣುಕಿದಳು. ಗುರುತಿನ ಚಿತ್ರ ಕಾಣುತ್ತಿತ್ತು: ಕೆಂಪು ಮೈ, ಎರಡು ಕೊಂಬು, ಬಾಲ, ಕೈಯಲ್ಲಿ ತ್ರಿಶೂಲ, ಕಾಲಿಗೆ ಶೂ.

"ಇದು ಯಾವ ಭೂತ?"

ಹೊಸ ಸಿಸ್ಟಮ್, ಕಂಪ್ಯೂಟರಿಗೆ ಹಾಕುವ ಅಂದಾಜು ಉಂಟು ಎಂದೆ.

"ಮನೆಯಲ್ಲಿ ಇರುವ ಭೂತಗಳಿಗೆ ವರ್ಷಕ್ಕೊಂದು ತಂಬಿಲ ಕೊಡಲಿಕ್ಕೇ ನಿಮಗೆ ಪುರುಸೊತ್ತಿಲ್ಲ. ಇದನ್ನು ತಂದು ಕೂರಿಸುವ ಮೊದಲು ಒಂದು ಪ್ರಶ್ನೆ ಇಡಿಸಿ" ಎಂದು ಹೇಳಿ ಲೈಟು ಆರಿಸಿದಳು.