ಸಿ.ಐ.ಡಿ. 999 ಶ್ರೇಣೀಕರಣ: ಬಳಕೆದಾರರ ಕೈಪಿಡಿ

ಈ ಕೈಪಿಡಿ ನಿಮ್ಮ ಕೈಗೆ ಬಂದಿದೆ ಎಂದ ಮೇಲೆ ನಿಮ್ಮ ಮನೆಯಲ್ಲೂ ಒಂದು ಭಾನುವಾರ ಕೆಟ್ಟಿದೆ ಎಂದೇ ಅರ್ಥ. ಊಟ ಮುಗಿದು, ಎಲೆಯಡಿಕೆಯ ತಟ್ಟೆ ಸುತ್ತುತ್ತಿರುವಾಗ ಯಾರೋ ಒಬ್ಬರು, 'ಅಣ್ಣಾವ್ರ ಬಾಂಡ್ ಪಿಕ್ಚರುಗಳಲ್ಲಿ ಯಾವುದು ಫಸ್ಟು?' ಎಂದು ಸುಮ್ಮನೆ ಕೇಳಿರುತ್ತಾರೆ. ಸಂಜೆ ಕಾಫಿಯ ಹೊತ್ತಿಗೆ ಇಬ್ಬರು ಮಾತು ಬಿಟ್ಟಿರುತ್ತಾರೆ. ಇಂಥ ಅನಾಹುತ ಮತ್ತೆ ಆಗದಿರಲೆಂದು ಈ ಸೂಚನೆಗಳು. ಕೆಲಸ ಶುರುಮಾಡುವ ಮೊದಲೇ ಪೂರ್ತಿ ಓದಿಕೊಳ್ಳಿ. ಅರ್ಧ ಓದಿ ಜಗಳಕ್ಕೆ ಇಳಿದರೆ ತಯಾರಕರು ಹೊಣೆಯಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ

ಒಟ್ಟು ನಾಲ್ಕು ಚಿತ್ರ. 'ಜೇಡರ ಬಲೆ' (1968), 'ಗೋವಾದಲ್ಲಿ ಸಿ.ಐ.ಡಿ. 999' (ಅದೂ 1968), 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' (1969), 'ಆಪರೇಷನ್ ಡೈಮಂಡ್ ರಾಕೆಟ್' (1978). ನಾಲ್ಕಕ್ಕೂ ನಾಯಕ ರಾಜ್‌ಕುಮಾರ್, ನಾಲ್ಕಕ್ಕೂ ನಿರ್ದೇಶಕರು ದೊರೈ–ಭಗವಾನ್, ನಾಲ್ಕಕ್ಕೂ ಸಂಗೀತ ಜಿ.ಕೆ. ವೆಂಕಟೇಶ್. ಎಣಿಸಿ ನೋಡಿ. ಪೆಟ್ಟಿಗೆಯಲ್ಲಿ ಐದನೆಯದೊಂದು ಸಿಕ್ಕಿದರೆ ಅದು 1970ರ 'ಸಿ.ಐ.ಡಿ. ರಾಜಣ್ಣ'. ನಾಯಕರು ಅವರೇ, ಕಸುಬೂ ಅದೇ, ಆದರೆ ಈ ಮನೆತನಕ್ಕೆ ಸೇರಿದ್ದಲ್ಲ. ಮರ್ಯಾದೆಯಿಂದ ಎತ್ತಿ ಪಕ್ಕಕ್ಕಿಡಿ. ಇದನ್ನು ಲೆಕ್ಕಕ್ಕೆ ಸೇರಿಸಲೇಬೇಕೆಂದು ಹಟ ಹಿಡಿಯುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರಿಗೆ ಇನ್ನೊಂದು ಲೋಟ ಕಾಫಿ ಕೊಡಿ.

ಇಂಥದ್ದೊಂದು ಯಂತ್ರ ಕನ್ನಡಕ್ಕೆ ಬಂದದ್ದು ಹೇಗೆ? 1962ರಲ್ಲಿ 'ಡಾಕ್ಟರ್ ನೋ' ಬಂದದ್ದೇ ಬಂದದ್ದು, ನಾಲ್ಕೈದು ವರ್ಷದಲ್ಲಿ ಗೂಢಚಾರಿಕೆ ಎಂಬುದು ಮದರಾಸಿನ ಸ್ಟುಡಿಯೋಗಳಿಗೆ ನೆಗಡಿಯಂತೆ ಹಬ್ಬಿತು. 1966ರಲ್ಲಿ ತೆಲುಗಿನ ಕೃಷ್ಣ 'ಗೂಢಚಾರಿ 116' ಆದರು. ಅದೇ ವರ್ಷ ತಮಿಳಿನ ಜೈಶಂಕರ್ 'ವಲ್ಲವನ್ ಒರುವನ್' ಮಾಡಿ ಊರವರ ಬಾಯಲ್ಲಿ ಜೇಮ್ಸ್ ಬಾಂಡೇ ಆಗಿಬಿಟ್ಟರು. ತೆಲುಗಿನ 116 ಮರುವರ್ಷ ಹಿಂದಿಗೆ ಹೋಗಿ 'ಫರ್ಜ್' ಆಗಿ, ಜಿತೇಂದ್ರರನ್ನು ತಾರೆ ಮಾಡಿತು. ಕನ್ನಡದವರು ತಡವಾಗಿ ಹೋದರೂ ದೊಡ್ಡ ನಂಬರೇ ಹಿಡಿದುಕೊಂಡು ಬಂದರು. 007ಕ್ಕಿಂತ 992 ಜಾಸ್ತಿ. ಬಾಟಾ ಅಂಗಡಿಯ ಬೆಲೆಯ ಹಾಗೆ, ಸಾವಿರಕ್ಕೆ ಒಂದೇ ಒಂದು ಕಮ್ಮಿ.

ಬೇಕಾಗುವ ಸಾಮಗ್ರಿ

ಪೆನ್ಸಿಲ್ಲು ಒಂದು. ಪೆನ್ನು ಬೇಡ, ಕಾರಣ ಕೊನೆಯಲ್ಲಿ ತಿಳಿಯುತ್ತದೆ. ರಬ್ಬರು ಒಂದು, ಸಾಧ್ಯವಾದರೆ ಎರಡು. ಚುರುಮುರಿ ಧಾರಾಳವಾಗಿ. ಈ ಚಿತ್ರಗಳನ್ನು ಟಾಕೀಸಿನಲ್ಲಿ, ನೆಲದ ಮೇಲೆ ಕೂತು ನೋಡಿದ ಹಿರಿಯರೊಬ್ಬರು. ಇವುಗಳ ಬಗ್ಗೆ ಮೊಬೈಲಿನಲ್ಲಿ ಬರುವ ತಮಾಷೆಯ ತುಣುಕು ಬಿಟ್ಟು ಬೇರೇನೂ ಗೊತ್ತಿಲ್ಲದ ಕಿರಿಯರೊಬ್ಬರು. ನನ್ನ ಮನೆಯಲ್ಲಿ ಹಿರಿಯರ ಜಾಗಕ್ಕೆ ದೊಡ್ಡಪ್ಪ, ಕಿರಿಯರ ಜಾಗಕ್ಕೆ ತಂಗಿಯ ಮಗ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ. ಅವಳನ್ನು ತೀರ್ಪುಗಾರಳನ್ನಾಗಿ ನಾವು ನೇಮಿಸಿರಲಿಲ್ಲ.

ಹಂತ 1: ಅಳತೆಗೋಲನ್ನು ಸರಿಪಡಿಸಿಕೊಳ್ಳುವುದು

ಎಲ್ಲರೂ ತಪ್ಪುವುದು ಇಲ್ಲೇ. ಪರದೇಶದ ಬಾಂಡ್ ಚಿತ್ರಗಳನ್ನು ಅಳೆಯುವ ಕೋಲನ್ನೇ ತಂದು ಇಲ್ಲಿ ಹಿಡಿಯುತ್ತಾರೆ: ಕಾರು ಎಷ್ಟು ಚೆನ್ನಾಗಿದೆ, ಕೈಗಡಿಯಾರದಿಂದ ಏನು ಹಾರುತ್ತದೆ, ಖಳನ ದ್ವೀಪ ಎಷ್ಟು ದೊಡ್ಡದು. ಈ ಕೋಲನ್ನು ಅಟ್ಟಕ್ಕೆ ಎಸೆಯಿರಿ. ನಮ್ಮ 999ರ ತೊಂದರೆಯೇ ಬೇರೆ ಜಾತಿಯದು.

1962ರಲ್ಲಿ ಶಾನ್ ಕಾನರಿ ತೆರೆಯ ಮೇಲೆ ತನ್ನ ಹೆಸರು ಹೇಳಿದಾಗ ಜಗತ್ತಿನ ಮುಕ್ಕಾಲು ಪಾಲಿಗೆ ಆತ ಯಾರೆಂದೇ ಗೊತ್ತಿರಲಿಲ್ಲ. ಗೂಢಚಾರನಿಗೆ ಬೇಕಾದ ಮೊದಲ ಅರ್ಹತೆ ಅದು. ರಾಜ್‌ಕುಮಾರ್? 'ಜೇಡರ ಬಲೆ' ಬಂದ ವರ್ಷವೇ ಅವರ ನೂರನೇ ಚಿತ್ರ 'ಭಾಗ್ಯದ ಬಾಗಿಲು' ಬಂತು. ಅಷ್ಟರಲ್ಲಿ ಅವರು ಬೇಡರ ಕಣ್ಣಪ್ಪ, ರಣಧೀರ ಕಂಠೀರವ, ಕನಕದಾಸ, ಕಬೀರ ಎಲ್ಲ ಆಗಿದ್ದರು. ಗೇಟಿನಲ್ಲಿ ಟಿಕೆಟ್ಟು ಹರಿಯುವವನಿಂದ ಹಿಡಿದು ಹೊರಗೆ ಕಡಲೆಕಾಯಿ ಮಾರುವ ಮುದುಕಿಯವರೆಗೆ ಇಡೀ ರಾಜ್ಯಕ್ಕೆ ಆ ಮೂಗು ಗೊತ್ತು. ಇಂಥವರು ಕರಿ ಕನ್ನಡಕ ಹಾಕಿಕೊಂಡು ಶತ್ರುಪಾಳಯಕ್ಕೆ ನುಗ್ಗಿದರೆ ಖಳನೊಬ್ಬನಿಗೆ ಮಾತ್ರ ಗುರುತು ಸಿಕ್ಕುವುದಿಲ್ಲ, ಪಾಪ.

ಇದೂ ಸಣ್ಣ ಮಾತೆನ್ನಿ. 1965ರಲ್ಲಿ ಅವರು 'ಸತ್ಯ ಹರಿಶ್ಚಂದ್ರ' ಮಾಡಿದ್ದರು. ಒಂದು ಸುಳ್ಳು ಹೇಳಲಾರದೆ ರಾಜ್ಯ ಬಿಟ್ಟು, ಹೆಂಡತಿ ಮಗನನ್ನು ಮಾರಿ, ಸುಡುಗಾಡು ಕಾದವನು. ಮೂರೇ ವರ್ಷಕ್ಕೆ ಅದೇ ಮನುಷ್ಯನಿಗೆ ಸುಳ್ಳು ಹೇಳುವುದೇ ಸಂಬಳದ ಕೆಲಸ! ದೊಡ್ಡಪ್ಪನ ಮಾತಿನಲ್ಲಿ ಹೇಳುವುದಾದರೆ, 'ಹರಿಶ್ಚಂದ್ರನ ಕೈಗೆ ಪಿಸ್ತೂಲು ಕೊಟ್ಟು ಸಿ.ಐ.ಡಿ. ಆಫೀಸಿಗೆ ಕಳಿಸಿದ್ರಂತೆ ಕಣಯ್ಯಾ.'

ಆದ್ದರಿಂದ ನಮ್ಮ ಅಳತೆಗೋಲು ಇಷ್ಟೇ: ಚಿತ್ರ ನೋಡುವಾಗ ನೀವು ಎಷ್ಟು ಹೊತ್ತು ಹರಿಶ್ಚಂದ್ರನನ್ನು ಮರೆತಿರುತ್ತೀರಿ? ಗಡಿಯಾರ ಇಟ್ಟುಕೊಳ್ಳಿ. ನೆನಪಾದ ಕೂಡಲೇ ಒಂದು ಗೀಟು ಹಾಕಿ. ಗೀಟು ಕಡಿಮೆಯಿದ್ದಷ್ಟೂ ಚಿತ್ರ ಮೇಲಕ್ಕೆ. ಇದನ್ನು ಹರಿಶ್ಚಂದ್ರ ಮಾಪಕ ಎಂದು ಕರೆಯೋಣ.

ಹಂತ 2: 'ಜೇಡರ ಬಲೆ'ಯನ್ನು ಮೇಲುಗಡೆ ಕೂರಿಸುವುದು

ಇದಕ್ಕೆ ಹೆಚ್ಚು ತಿಣುಕಬೇಕಾಗಿಲ್ಲ, ಬಹುಪಾಲು ಮನೆಗಳಲ್ಲಿ ತಾನಾಗಿಯೇ ಹೋಗಿ ಕೂರುತ್ತದೆ. ದೊರೈ–ಭಗವಾನ್ ಜೋಡಿಯಾಗಿ ನಿರ್ದೇಶಿಸಿದ ಮೊದಲ ಚಿತ್ರ ಇದು. ಬಿ. ದೊರೈರಾಜ್ ಮೂಲತಃ ಕ್ಯಾಮೆರಾದವರು, ಎಸ್.ಕೆ. ಭಗವಾನ್ ಕಥೆ, ನಟನೆ, ಮಾತುಕತೆಯ ಕಡೆಯವರು. ಕ್ಯಾಮೆರಾ ಹಿಡಿದವನೇ ನಿರ್ದೇಶಕನೂ ಆದರೆ ನೆರಳಿಗೆ ಬೆಲೆ ಬರುತ್ತದೆ. ಕಪ್ಪುಬಿಳುಪಿನ ಈ ಚಿತ್ರದಲ್ಲಿ ಅರ್ಧ ಕೆಲಸವನ್ನು ನೆರಳೇ ಮಾಡಿಕೊಟ್ಟಿದೆ. ಆ ಪ್ರಸಿದ್ಧ ಮೂಗಿನ ಒಂದು ಪಕ್ಕ ಕತ್ತಲಿಗೆ ಬಿದ್ದರೆ, ಕ್ಷಣಕಾಲ ಈತ ಯಾರೋ ಇರಬಹುದು ಎನ್ನಿಸಿಬಿಡುತ್ತದೆ. ಗೂಢಚಾರನಿಗೆ ಅಷ್ಟು ಸಾಕು.

ಇನ್ನೊಂದು ಕಾರಣವೂ ಉಂಟು. ಗುಬ್ಬಿ ಕಂಪನಿಯ ನಾಟಕದಲ್ಲಿ ಪಳಗಿದ ನಟನಿಗೆ ಅಲ್ಪಪ್ರಾಣ ಮಹಾಪ್ರಾಣಗಳನ್ನು ಹಿಂದಿನ ಸಾಲಿನವರೆಗೂ ಮುಟ್ಟಿಸುವುದೇ ಅಭ್ಯಾಸ. ಸೂಟು ತೊಟ್ಟ ಮೇಲೆ ಆ ದೀರ್ಘ ಉಸಿರನ್ನು ಅದುಮಿಟ್ಟು, ಹಗುರವಾಗಿ ನಡೆಯಬೇಕು, ಸಣ್ಣಗೆ ನಗಬೇಕು. ಹೊಸ ಚಪ್ಪಲಿಯಂತೆ ಅದು ಅಲ್ಲಲ್ಲಿ ಕಚ್ಚುತ್ತಿದೆ ಎಂದು ನೋಡುವವರಿಗೆ ಗೊತ್ತಾಗುತ್ತದೆ. ಆದರೆ ಆ ಕಚ್ಚುವಿಕೆಯೇ ಪಾತ್ರಕ್ಕೆ ಒಂದು ಹುಷಾರಿ ತಂದುಕೊಟ್ಟಿದೆ. ಎದುರಿಗೆ ಜಯಂತಿ ಇದ್ದಾರೆ. ಅವರಿಗೆ ಯಾವ ಹರಿಶ್ಚಂದ್ರನ ಭಾರವೂ ಇಲ್ಲ. 1965ರಲ್ಲೇ 'ಮಿಸ್ ಲೀಲಾವತಿ' ಮಾಡಿ ಮುಗಿಸಿದವರು. ಈ ಹೊಸ ಲೋಕಕ್ಕೆ ನಾಯಕನನ್ನು ಕೈಹಿಡಿದು ಕರೆದೊಯ್ದವರು ಅವರೇ ಎಂಬುದು ನನ್ನ ಅಂದಾಜು.

ನನ್ನ ಎಣಿಕೆಯಲ್ಲಿ ಗೀಟು ಆರು. ದೊಡ್ಡಪ್ಪನ ಎಣಿಕೆಯಲ್ಲಿ ಸೊನ್ನೆ, ಆದರೆ ಅವರು ನಡುವೆ ನಿದ್ದೆ ಹೋಗಿದ್ದರು.

ಒಂದು ತಾಂತ್ರಿಕ ಸೂಚನೆ: ಕಪ್ಪುಬಿಳುಪು ಚಿತ್ರದಲ್ಲಿ ಖಳನ ಅಡಗುದಾಣದ ದೀಪ ಮಿನುಗಿದರೆ ಅದನ್ನು ಕೆಂಪು ಎಂದೇ ತಿಳಿಯತಕ್ಕದ್ದು. ಕಿರಿಯರು 'ಬಿಳಿ' ಎಂದರೆ ತಿದ್ದಿ.

ಹಂತ 3: ಗೋವಾದ ಜೋಡಣೆ

ಅದೇ ವರ್ಷ, ಅದೇ ಬಿಸಿಯಲ್ಲಿ ಎರಡನೆಯದು. 1968ರ ಗೋವಾ ಎಂದರೆ ಈಗಿನ ಹಾಗೆ ಮೂರು ದಿನದ ರಜೆ ಸಿಕ್ಕಿದರೆ ಓಡುವ ಜಾಗವಲ್ಲ. ಪೋರ್ಚುಗೀಸರ ಕೈ ಬಿಟ್ಟು ಇನ್ನೂ ಏಳು ವರ್ಷವಾಗಿರಲಿಲ್ಲ; ಮಹಾರಾಷ್ಟ್ರದ ಜೊತೆ ಸೇರುವುದೋ ಬೇಡವೋ ಎಂಬ ಜನಮತ ನಡೆದದ್ದೇ 1967ರ ಜನವರಿಯಲ್ಲಿ. ಕಾರವಾರದವರಿಗೆ ಅದು ಪಕ್ಕದ ಮನೆ, ಬಯಲುಸೀಮೆಯವರಿಗೆ ಪಾಸ್‌ಪೋರ್ಟ್ ಕೇಳದ ವಿದೇಶ. ಗೂಢಚಾರನಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ನಂಬುವಂಥ ಪರದೇಶ ಎಲ್ಲಿ ಸಿಗಬೇಕು? ನಿರ್ಮಾಪಕರ ಜೇಬು, ಪ್ರೇಕ್ಷಕರ ಕುತೂಹಲ, ಎರಡಕ್ಕೂ ಹೊಂದುವ ಊರು. ಹೆಸರಿನಲ್ಲೇ ವಿಳಾಸ ಕೊಟ್ಟಿರುವ ಗುಪ್ತ ಕಾರ್ಯಾಚರಣೆ ಇದೊಂದೇ ಇರಬೇಕು: ಸಿ.ಐ.ಡಿ. ಎಲ್ಲಿದ್ದಾನೆ? ಗೋವಾದಲ್ಲಿದ್ದಾನೆ. ಪೋಸ್ಟರು ನೋಡಿದ್ದರೆ ಖಳ ಅರ್ಧ ದಿನ ಉಳಿಸಿಕೊಳ್ಳಬಹುದಿತ್ತು.

ಲಕ್ಷ್ಮಿ ಕನ್ನಡಕ್ಕೆ ಬಂದದ್ದು ಈ ಚಿತ್ರದಿಂದ. ಹಾಸ್ಯನಟ ನರಸಿಂಹರಾಜು ಇಲ್ಲೂ ಇದ್ದಾರೆ, ಮತ್ತು ಹರಿಶ್ಚಂದ್ರ ಮಾಪಕ ಕೈಕೊಡುವುದು ಅವರು ಬಂದಾಗಲೇ. ಅವರು ಪಕ್ಕದಲ್ಲಿ ನಿಂತರೆ ಸಾಕು, ನಾಯಕನ ಮುಖದಲ್ಲಿ ಒಂದು ಮನೆಯ ಸಲಿಗೆ ಬಂದುಬಿಡುತ್ತದೆ. ಗೂಢಚಾರ ಹೋಗಿ ಮುತ್ತುರಾಜ (ರಾಜ್‌ಕುಮಾರರ ಹುಟ್ಟುಹೆಸರು) ಇಣುಕುತ್ತಾನೆ. ಗೀಟು ಹನ್ನೊಂದು. ಎರಡನೇ ಸ್ಥಾನಕ್ಕೆ ತಾತ್ಕಾಲಿಕವಾಗಿ ಬಿಗಿಯಿರಿ. ತಿರುಪು ಪೂರ್ತಿ ತಿರುಗಿಸಬೇಡಿ.

ಹಂತ 4: 'ಜಾಕ್‌ಪಾಟ್'

ಇದನ್ನು ಕೆಳಗಿಡಿ. ಮೊದಲೆರಡರ ಹುಮ್ಮಸ್ಸಿನ ಬೆನ್ನಿಗೇ ಬಂದ ಮೂರನೆಯದು, ಮೂರನೇ ಸಲ ಕುದಿಸಿದ ಸಾರಿನ ರುಚಿ. ಇದು ಇಂದಿಗೂ ಬಾಯಲ್ಲಿ ಉಳಿದಿರುವುದು ಮುಖ್ಯವಾಗಿ ಒಂದು ಕಾರಣಕ್ಕೆ: ರೇಖಾ ನಾಯಕಿಯಾದ ಮೊದಲ ಚಿತ್ರ ಇದು. ಮರುವರ್ಷ 'ಸಾವನ್ ಭಾದೋ' ಮೂಲಕ ಹಿಂದಿಗೆ ಹೋದರು, ಮುಂದಿನದು ಎಲ್ಲರಿಗೂ ಗೊತ್ತು. ನಾವು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ರೇಖಾ ಹುಟ್ಟಿದ್ದು 1954ರಲ್ಲಿ, ನಾಯಕರು 1929ರಲ್ಲಿ. ಚಿತ್ರ 1969ರದು. ಕಳೆಯುವ ಲೆಕ್ಕ ಮಾಡಿದ ಮೇಲೆ ಯುಗಳಗೀತೆಗಳನ್ನು ಮೊದಲಿನಂತೆ ನೋಡಲು ನನಗೆ ಆಗಿಲ್ಲ. ಗೀಟು ಎಣಿಸುವುದನ್ನೂ ಅಲ್ಲಿಗೇ ಬಿಟ್ಟೆ.

ಹಂತ 5: 'ಡೈಮಂಡ್ ರಾಕೆಟ್', ಅಥವಾ ಪಟ್ಟಿ ಕುಸಿಯುವ ಜಾಗ

ಮೊದಲು ಒಂದು ತಪ್ಪೊಪ್ಪಿಗೆ. ಕನ್ನಡದಲ್ಲಿ ಕಳ್ಳಸಾಗಣೆಯ ಜಾಲಕ್ಕೂ ಆಕಾಶಕ್ಕೆ ಹಾರುವ ಬಾಣಕ್ಕೂ ಒಂದೇ ಕಾಗುಣಿತ: ರಾಕೆಟ್. ಚಿಕ್ಕವನಿದ್ದಾಗ ಟಿ.ವಿ.ಯಲ್ಲಿ ಇದನ್ನು ನೋಡಿದಾಗ ವಜ್ರದ ರಾಕೆಟ್ಟು ಈಗ ಹಾರುತ್ತದೆ, ಇನ್ನೇನು ಹಾರುತ್ತದೆ ಎಂದು ಕೊನೆಯ ದೃಶ್ಯದವರೆಗೆ ಕಾದಿದ್ದೆ. ಆ ಸಿಟ್ಟು ಪೂರ್ತಿ ಇಳಿದಿಲ್ಲ. ಆದ್ದರಿಂದ ಈ ಹಂತದಲ್ಲಿ ನನ್ನ ತೀರ್ಪನ್ನು ಸ್ವಲ್ಪ ಕಳೆದು ಓದಿಕೊಳ್ಳಿ.

ಒಂಬತ್ತು ವರ್ಷದ ಬಿಡುವು. ನಡುವೆ ದೊರೈ–ಭಗವಾನ್ ಪಿಸ್ತೂಲು ಕೆಳಗಿಟ್ಟು ಕಾದಂಬರಿ ಹಿಡಿದಿದ್ದರು: ವಾಣಿಯವರ 'ಎರಡು ಕನಸು', ಭಾರತೀಸುತರ 'ಬಯಲುದಾರಿ'. ಅದಕ್ಕೂ ಮೊದಲು 'ಕಸ್ತೂರಿ ನಿವಾಸ'. ನಾಯಕರು 'ಬಂಗಾರದ ಮನುಷ್ಯ' ಆಗಿ ಹಳ್ಳಿಗೆ ಹೋಗಿ ಬಂದಿದ್ದರು, 'ಮಯೂರ' ಆಗಿ ಕಿರೀಟ ಇಟ್ಟಿದ್ದರು. ಹರಿಶ್ಚಂದ್ರನ ಒಂದು ಭಾರವಿದ್ದದ್ದು ಈಗ ಹತ್ತು ಭಾರವಾಗಿತ್ತು. ಅದೇ 1978ರಲ್ಲಿ 'ಶಂಕರ್ ಗುರು' ಎಂಬ ಚಿತ್ರದಲ್ಲಿ ಅವರು ಒಬ್ಬರಲ್ಲ, ಮೂವರು. ಗೂಢಚಾರನಿಗೆ ಆ ವರ್ಷ ಜಾಗವೇ ಇರಲಿಲ್ಲ.

ಬಣ್ಣವೂ ಬಂದಿತ್ತು, ಅಂದರೆ ನೆರಳಿನ ಮರೆ ಹೋಯಿತು. ಪದ್ಮಪ್ರಿಯಾ ನಾಯಕಿ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ದನಿಯದು. ಅರವತ್ತರ ದಶಕದ ಆ ದಿನಗಳಲ್ಲಿ ಹಾಡು ಬಂದಾಗ ಅವರ ಬಾಯಿಂದ ಬರುತ್ತಿದ್ದುದು ಪಿ.ಬಿ. ಶ್ರೀನಿವಾಸರ ರೇಷ್ಮೆಯಂಥ ದನಿ. ಯೋಚಿಸಿ ನೋಡಿದರೆ 999ರ ನಿಜವಾದ ವೇಷ ಅದೊಂದೇ: ಎರವಲು ಕಂಠ. 1974ರ 'ಸಂಪತ್ತಿಗೆ ಸವಾಲ್'ನಿಂದ ಅವರೇ ಹಾಡತೊಡಗಿದರು, ಆ ವೇಷವೂ ಕಳಚಿತು. 1978ರ 999 ಅಡಿಯಿಂದ ಮುಡಿಯವರೆಗೆ, ದನಿಯೂ ಸೇರಿ, ಅಪ್ಪಟ ರಾಜ್‌ಕುಮಾರ್. ಮಾಪಕದ ಪ್ರಕಾರ ಪೂರ್ತಿ ಫೇಲು. ಮೊದಲ ಹತ್ತು ನಿಮಿಷದಲ್ಲೇ ನನ್ನ ಹಾಳೆಯ ಒಂದು ಪಕ್ಕ ತುಂಬಿತು.

ಆಮೇಲೆ ಆ ಇಂಗ್ಲಿಷ್ ಹಾಡು ಬರುತ್ತದೆ.

ಯಾವ ಹಾಡೆಂದು ಹೇಳಬೇಕಾಗಿಲ್ಲ. ಭೇಟಿಗೆ ಬರಲು ಸರಿಯಾದ ಹೊತ್ತು ಯಾವುದು ಎಂಬ ವಿಚಾರ ಅದರದು. ಅಂತರ್ಜಾಲದ ಕಾಲದಲ್ಲಿ ಕನ್ನಡದ ಗಂಧಗಾಳಿ ಇಲ್ಲದವರೂ ಅದನ್ನು ನೋಡಿ ನಕ್ಕರು. ತಂಗಿಯ ಮಗನಿಗೆ 999 ಎಂದರೆ ಅಷ್ಟೇ. ನಾನೂ ಮೊದಲು ನಗುವುದಕ್ಕೇ ಕೂತಿದ್ದೆ. ನೋಡುತ್ತ ಹೋದಂತೆ ಬೇರೆ ಏನೋ ಕಂಡಿತು: ನಲವತ್ತೊಂಬತ್ತರ ಮನುಷ್ಯ, ತನ್ನದಲ್ಲದ ಭಾಷೆಯಲ್ಲಿ, ಒಂದಿಷ್ಟೂ ಅಂಜದೆ, ಪ್ರತಿ ಅಕ್ಷರವನ್ನೂ ಕಂಪನಿ ನಾಟಕದ ಶಿಸ್ತಿನಲ್ಲಿ ಬಿಡಿಸಿ ಬಿಡಿಸಿ ಹಾಡುತ್ತಿದ್ದಾರೆ. ಮೈಯಲ್ಲಿ ಖುಷಿ ತುಂಬಿದೆ. ನಾಲ್ಕು ವರ್ಷಕ್ಕೆ, 1982ರಲ್ಲಿ, ಇದೇ ಮನುಷ್ಯ ಗೋಕಾಕ್ ಚಳವಳಿಯ ಮುಂಚೂಣಿಯಲ್ಲಿ ನಿಂತು ಕನ್ನಡಕ್ಕಾಗಿ ಊರೂರು ತಿರುಗಿದರು. ಗೂಢಚಾರನಾಗಿ ಅವರು ಹೇಳಿದ ಅತಿ ದೊಡ್ಡ ಸುಳ್ಳು ಈ ಇಂಗ್ಲಿಷ್ ಹಾಡೇ ಇರಬಹುದು. ಅದನ್ನೂ ಎಷ್ಟು ಪ್ರಾಮಾಣಿಕವಾಗಿ ಹೇಳಿದ್ದಾರೆ ನೋಡಿ!

ಇಲ್ಲಿ ಮಾಪಕದ ಮುಳ್ಳು ಗಿರಗಿರನೆ ತಿರುಗುತ್ತದೆ. ಗಾಬರಿ ಬೇಡ, ಯಂತ್ರ ಕೆಟ್ಟಿಲ್ಲ. ಗೋವಾದ ತಿರುಪು ಸಡಿಲ ಬಿಡಿ ಎಂದದ್ದು ಇದಕ್ಕೇ.

ತೊಂದರೆ ಮತ್ತು ಪರಿಹಾರ

'ರೋಜರ್ ಮೂರ್ ಜೊತೆ ಹೋಲಿಸಿ' ಎಂದು ಯಾರಾದರೂ ಕೇಳಿದರೆ: ಮೂರ್ 1927ರಲ್ಲಿ ಹುಟ್ಟಿ 1985ರವರೆಗೆ ಬಾಂಡ್ ಆಗಿದ್ದರು. ನಮ್ಮವರು ಐವತ್ತಕ್ಕೆ ಮುಂಚೆಯೇ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಮುಂದಿನ ಪ್ರಶ್ನೆ.

ದೊಡ್ಡಪ್ಪ ಏಳದಿದ್ದರೆ: ಜಿ.ಕೆ. ವೆಂಕಟೇಶರ ಕಹಳೆ ಬರುವ ಜಾಗಕ್ಕೆ ಹೋಗಿ ವಾಲ್ಯೂಮು ಏರಿಸಿ.

ಅಡುಗೆಮನೆಯ ಬಾಗಿಲಿಂದ ತೀರ್ಪು ಬಂದರೆ: ಇದಕ್ಕೆ ಪರಿಹಾರ ನನಗೆ ಸಿಕ್ಕಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅಮ್ಮ ಹೇಳಿದ್ದು ಇಷ್ಟು: 'ಸೂಟು ಹಾಕ್ಕೊಂಡ್ರೆ ಅವ್ರು ಗೂಢಚಾರನ ಥರಾ ಎಲ್ಲಿ ಕಾಣ್ತಾರೋ? ಹುಡುಗಿ ನೋಡೋಕೆ ಬಂದ ಗಂಡಿನ ಥರಾ ಕಾಣ್ತಾರೆ. ನಾಲ್ಕರಲ್ಲೂ ಹಾಗೇನೆ. ಗೀಟು ಯಾಕೆ ಹಾಕ್ತಿದ್ದೀಯಾ, ಅದರ ಹಿಂದುಗಡೆ ಹಾಲಿನವನ ಲೆಕ್ಕ ಇದೆ.'

ಸದ್ಯದ ಪಟ್ಟಿ: ಬಲೆ, ಡೈಮಂಡು, ಗೋವಾ, ಜಾಕ್‌ಪಾಟು. ಪೆನ್ಸಿಲ್ಲಿನಲ್ಲೇ ಇದೆ. ದೊಡ್ಡಪ್ಪ ಗೌರಿಹಬ್ಬಕ್ಕೆ ಮತ್ತೆ ಬರುತ್ತಾರೆ, 'ಸಿ.ಐ.ಡಿ. ರಾಜಣ್ಣ'ನನ್ನೂ ಕರೆದುಕೊಂಡು.