ಮೀಟರ್ ಬೋರ್ಡಿನ ಅಭ್ಯಂಜನ

ಆಯುಧಪೂಜೆಗೆ ಗಾಡಿಗೆ ಸ್ನಾನ ಮಾಡಿಸಬೇಕು ಎನ್ನುವುದು ಶಾಸ್ತ್ರ. ಮೂಗಿನೊಳಗೆ ನೀರು ಬಿಡಬಾರದು ಎನ್ನುವುದು ಸಾಮಾನ್ಯ ಜ್ಞಾನ. ನನಗೆ ಶಾಸ್ತ್ರ ಗೊತ್ತಿತ್ತು.

ಅವತ್ತು ಬೆಳಿಗ್ಗೆ ಊಟಿಯ ನಮ್ಮ ಮನೆ ಮುಂದೆ ಪಂಚೆ ಎತ್ತಿ ಕಟ್ಟಿ, ಹಸಿರು ಪೈಪು ಹಿಡಿದು, ನಮ್ಮ 407 ಲಾರಿಗೆ ತಲೆಯಿಂದ ಕಾಲಿನವರೆಗೆ ಶಾಂಪೂ ಹಾಕಿದೆ. ಹೊರಗಿನದು ಮುಗಿದರೂ ಪೈಪಿನಲ್ಲಿ ನೀರು, ಮೈಯಲ್ಲಿ ಉತ್ಸಾಹ ಎರಡೂ ಉಳಿದಿದ್ದವು. ಬಾಗಿಲು ತೆಗೆದು ಕ್ಯಾಬಿನ್ನಿನೊಳಗೂ ಒಂದು ಸುತ್ತು ಹೊಡೆದೆ. ಸ್ಟೇರಿಂಗಿನ ಹಿಂದೆ, ಮೀಟರ್ ಬೋರ್ಡಿನ ಸಂದಿಯಲ್ಲಿ, ಹತ್ತು ವರ್ಷದ ಕ್ಯಾರೆಟ್ ಮಣ್ಣು ಕೂತಿತ್ತು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಅಲ್ಲಿಗೇ ಗುರಿಯಿಟ್ಟೆ.

ಅಡುಗೆಮನೆ ಕಿಟಕಿಯಿಂದ ನನ್ನಾಕೆಯ ಧ್ವನಿ ಬಂತು: “ಒಳಗಡೆ ಒದ್ದೆ ಬಟ್ಟೆ ಸಾಕು ಕಣ್ರೀ!”

“ನೀನು ಒಬ್ಬಟ್ಟು ನೋಡ್ಕೋ,” ಅಂದೆ. ಈ ಮೂರು ಪದಗಳ ಬೆಲೆ ಮುಂದೆ ಎಷ್ಟಾಯಿತು ಅನ್ನುವುದೇ ಈ ಲೇಖನ.

ಲಾರಿಯ ವಿಷಯದಲ್ಲಿ ಬಾಯಿ ಹಾಕುವುದಕ್ಕೆ ಆಕೆಗೆ ಅಧಿಕಾರವಿದೆ. 1998ರ ಮಾಡೆಲ್ಲಿನ ಆ ಗಾಡಿ ಮಾವನವರದು. ಗುಂಡ್ಲುಪೇಟೆಯಿಂದ ಊಟಿಗೆ ಬಂದು ನೆಲೆಸಿದ ಅವರು ಕ್ಯಾರೆಟ್ಟು, ಕೋಸು, ಬೀಟ್‌ರೂಟು ತುಂಬಿಕೊಂಡು ಮೈಸೂರಿಗೆ ಓಡಿಸಿಯೇ ಮಗಳನ್ನು ಓದಿಸಿದವರು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಸ್ವಯಂನಿವೃತ್ತಿ ತೆಗೆದುಕೊಂಡ ಮೇಲೆ ಗಾಡಿ ನನ್ನ ಕೈಗೆ ಬಂತು. ಮಾವನವರು ಕೀ ಕೊಡುವಾಗ “ಅಳಿಯಂದಿರೇ, ಮೀಟರ್ ನೋಡಿಕೊಂಡು ಓಡಿಸಿ” ಅಂದಿದ್ದರು. ತೊಳೆದುಕೊಂಡು ಅಂದಿರಲಿಲ್ಲ.

ಪೂಜೆ ಸಾಂಗವಾಗಿ ನಡೆಯಿತು. ಕುಂಬಳಕಾಯಿ ಒಡೆದೆವು, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ನಾನು ಭಕ್ತಿಯಿಂದ ಕೀ ತಿರುಗಿಸಿದೆ. ಅರ್ಧ ಟ್ಯಾಂಕಿದ್ದ ಡೀಸೆಲ್ಲು ಫುಲ್ ತೋರಿಸಿತು. ತಣ್ಣಗೆ ನಿಂತಿದ್ದ ಇಂಜಿನ್ನು ಕುದಿಯುತ್ತಿದೆ ಎಂದು ಹೀಟಿನ ಮುಳ್ಳು ಕೆಂಪಿಗೆ ಹಾರಿತು. ಬ್ಯಾಟರಿ ಚಿತ್ರವಿರುವ ಕೆಂಪು ದೀಪ ಮಂಕಾಗಿ, ಆರದೆ, ನನ್ನನ್ನೇ ನೋಡುತ್ತಾ ಉರಿಯಿತು. ಗಾಜಿನ ಹೊರಗೆ ಎಷ್ಟು ಒರೆಸಿದರೂ ಹೋಗದ ಮಂಜು ಒಳಗೆ ಕವಿದಿತ್ತು. ಊಟಿಗೆ ಜನ ದುಡ್ಡು ಕೊಟ್ಟು ಮಂಜು ನೋಡಲು ಬರುತ್ತಾರೆ. ನನಗೆ ಡ್ರೈವರ್ ಸೀಟಿನಲ್ಲೇ ಪುಕ್ಕಟೆ ಸಿಕ್ಕಿತು.

ನೀಲಗಿರಿಯಲ್ಲಿ ಗಾಡಿ ಕೆಟ್ಟರೆ ಭಾಷೆಗೆ ಕೊರತೆಯಿಲ್ಲ. ಊಟಿಯ ಮೆಕ್ಯಾನಿಕ್ ಟಾರ್ಚು ಬಿಟ್ಟು ನೋಡಿ “ಪೋಚ್ಚು ಸಾರ್” ಅಂದ. ಗೂಡಲೂರಿನವನು ನಕ್ಕು “ಶರಿಯಾಕ್ಕಾಂ” ಅಂದ. ಗುಂಡ್ಲುಪೇಟೆಯ ನಮ್ಮವನು ಬೀಡಿ ಹಚ್ಚಿ “ನೋಡೋಣ ಬಿಡಿ” ಅಂದ. ತಮಿಳಿನಲ್ಲಿ ಹೋಯಿತು, ಮಲಯಾಳದಲ್ಲಿ ಸರಿಮಾಡಬಹುದು, ಕನ್ನಡದಲ್ಲಿ ಇವೆರಡರಲ್ಲಿ ಯಾವುದೂ ಖಚಿತವಿಲ್ಲ. ಮೂರು ಭಾಷೆಗಳ ಅಭಿಪ್ರಾಯ ಪಡೆದ ಮೇಲೆ ನಾಲ್ಕನೆಯದಾಗಿ ನನ್ನ ಸ್ವಂತ ಅಭಿಪ್ರಾಯವನ್ನೇ ಕೇಳಿಕೊಂಡೆ. ಅದು ಬಹಳ ಉತ್ಸಾಹದಲ್ಲಿತ್ತು.

ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿಯಲ್ಲಿ ಹೂತಿಡುತ್ತಾರೆ ಎಂದು ಕೇಳಿದ್ದೆ. ಅದೇ ರಾತ್ರಿ ಮೀಟರ್ ಬೋರ್ಡು ಬಿಚ್ಚಿ ಅಕ್ಕಿ ಡ್ರಮ್ಮಿನಲ್ಲಿ ಹೂತೆ. ಬೆಳಿಗ್ಗೆ ಪಾವು ಹಾಕಿದ ನನ್ನಾಕೆಗೆ ಅಕ್ಕಿಯ ಜೊತೆ ಸ್ಪೀಡೋಮೀಟರ್ ಕೇಬಲ್ಲಿನ ತಿರುಪು ಸಿಕ್ಕಿತು. ಆಕೆ ಏನೂ ಅನ್ನಲಿಲ್ಲ. ಮಧ್ಯಾಹ್ನದ ಅನ್ನ ಮಾತ್ರ ಸ್ವಲ್ಪ ಗ್ರೀಸಿನ ಘಮ ಹೊಡೆಯಿತು.

ಎರಡನೆಯ ದಿನ ಊಟದ ಮೇಜಿನ ಮೇಲೆ ಪೇಪರ್ ಹಾಸಿ ಶಸ್ತ್ರಚಿಕಿತ್ಸೆಗೆ ಕೂತೆ. ಗಾಜಿನ ಸುತ್ತ ಮಡಚಿದ್ದ ತಗಡಿನ ಬಳೆಯನ್ನು ಸ್ಕ್ರೂಡ್ರೈವರಿನಿಂದ ಒಂದೊಂದೇ ಹಲ್ಲು ಎಬ್ಬಿಸಿದೆ. ಒಳಗೆ ಕಂಡದ್ದು ನಿಜಕ್ಕೂ ಸೊಗಸು. ಗೇರ್‌ಬಾಕ್ಸಿನಿಂದ ಬರುವ ಕೇಬಲ್ಲು ಒಂದು ಪುಟ್ಟ ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ ಅಲ್ಯುಮಿನಿಯಮ್ಮಿನ ಬಟ್ಟಲು. ಎರಡೂ ಒಂದಕ್ಕೊಂದು ತಾಗುವುದಿಲ್ಲ. ಆದರೂ ಅಯಸ್ಕಾಂತ ತಿರುಗಿದಂತೆ ಬಟ್ಟಲಿನಲ್ಲಿ ಸುಳಿವಿದ್ಯುತ್ತು ಹುಟ್ಟಿ, ಬಟ್ಟಲೂ ಅದರ ಹಿಂದೆ ಎಳೆದುಕೊಂಡು ಹೋಗುತ್ತದೆ. ಕೂದಲೆಳೆಯಂಥ ಸ್ಪ್ರಿಂಗೊಂದು ಅದನ್ನು ತಡೆದು ಹಿಡಿಯುತ್ತದೆ. ಈ ಎಳೆದಾಟದಲ್ಲಿ ಮುಳ್ಳು ಎಲ್ಲಿ ನಿಂತಿತೋ ಅದೇ ವೇಗ. ಜರ್ಮನಿಯ ಓಟೋ ಶುಲ್ಟ್ಸೆ 1902ರಲ್ಲಿ ಇದಕ್ಕೆ ಪೇಟೆಂಟು ಪಡೆದ. ನೂರು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದ ಆ ಏರ್ಪಾಡನ್ನು ಕೆಡಿಸಲು ನನಗೆ ನಲವತ್ತು ನಿಮಿಷ ಹಿಡಿಯಿತು.

ಮಗಳ ಹೇರ್ ಡ್ರೈಯರ್ ತಂದು ಮಂಜು ಆರಿಸಲು ಹೊರಟೆ. ಊಟಿಯ ಚಳಿಗೆ ಅದನ್ನು ಯಾವಾಗಲೂ ಪೂರ್ತಿ ಬಿಸಿಯಲ್ಲೇ ಇಟ್ಟಿರುತ್ತಾಳೆ. ಮಂಜು ಹೋಯಿತು. ಜೊತೆಗೆ ಡಯಲ್ಲಿನ 60 ಮತ್ತು 80ರ ನಡುವೆ ಹಪ್ಪಳದಂತೆ ಒಂದು ಗುಳ್ಳೆ ಎದ್ದಿತು. ಅದನ್ನು ಒತ್ತಲು ಹೋಗಿ ಮುಳ್ಳು ಕಿತ್ತುಬಂತು. ಮತ್ತೆ ಚುಚ್ಚಿದೆ, ಅಂದಾಜಿನ ಮೇಲೆ. ಅಲ್ಲಿಂದ ನಮ್ಮ ಲಾರಿ ಅಂಗಳದಲ್ಲಿ ನಿಂತಲ್ಲೇ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಚಲಿಸತೊಡಗಿತು. “ಅಪ್ಪಾ, ಹ್ಯಾಂಡ್‌ಬ್ರೇಕ್ ಹಾಕಿದ್ದೀಯಾ?” ಎಂದು ಮಗಳು ದಿನಕ್ಕೆರಡು ಸಲ ಕೇಳುತ್ತಿದ್ದಳು.

ಉಳಿದದ್ದು ಆ ಕೆಂಪು ದೀಪ. ಅದನ್ನು ನೋಡಿದರೆ ಹೈಸ್ಕೂಲಿನ ಗಣಿತದ ಮೇಷ್ಟ್ರು ನೆನಪಾಗುತ್ತಿದ್ದರು. ಬ್ಯಾಟರಿ ಹೊಸದು, ಬೆಲ್ಟು ಬಿಗಿಯಾಗಿದೆ, ಹಾಗಾದರೆ ತಪ್ಪು ದೀಪದ್ದೇ ಎಂದು ತೀರ್ಮಾನಿಸಿ ಬಲ್ಬು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡೆ. ಮನಸ್ಸು ಹಗುರಾಯಿತು. ಮಾರನೆಯ ದಿನ ಕ್ಯಾರೆಟ್ ತುಂಬಿಕೊಂಡು ಮೈಸೂರಿಗೆ ಹೊರಟೆ.

ಹೋಗುವಾಗ ಹಗಲು, ಏನೂ ತಿಳಿಯಲಿಲ್ಲ. ವಾಪಸು ಬರುವಾಗ ಗುಂಡ್ಲುಪೇಟೆ ದಾಟಿದ ಮೇಲೆ ಕತ್ತಲಾಯಿತು. ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ. 2009ರಿಂದ ಇರುವ ನಿಯಮ. ಒಂಬತ್ತರೊಳಗೆ ಗೇಟು ದಾಟಬೇಕೆಂದು ಕಾಲು ಒತ್ತಿದೆ. ಒತ್ತಿದಷ್ಟೂ ಹೆಡ್‌ಲೈಟು ಹಳದಿಯಾಗುತ್ತಾ ಬಂತು. ಹಳದಿ ಕಿತ್ತಳೆಯಾಯಿತು. ಮೇಲುಕಾಮನಹಳ್ಳಿ ಗೇಟಿಗೆ ತಲುಪುವಾಗ ನನ್ನ ಎರಡು ದೀಪಗಳು ಸಂಜೆ ದೇವರ ಮುಂದೆ ಹಚ್ಚಿಡುವ ಹಣತೆಯಷ್ಟು ಬೆಳಕು ಕೊಡುತ್ತಿದ್ದವು. ಹಳೆಯ ಡೀಸೆಲ್ ಇಂಜಿನ್ನಿಗೆ ಒಮ್ಮೆ ಹೊತ್ತಿಕೊಂಡ ಮೇಲೆ ಬ್ಯಾಟರಿಯ ಹಂಗಿಲ್ಲ, ಅದು ಗುಡುಗುಡು ಓಡುತ್ತಲೇ ಇತ್ತು. ಗೇಟಿನವರು “ಇಂಜಿನ್ ಆಫ್ ಮಾಡಿ, ಮಾತಾಡೋಣ” ಅಂದರು. ಸಭ್ಯ ಮನುಷ್ಯ ನಾನು, ಸ್ಟಾಪ್ ನಾಬ್ ಎಳೆದೆ. ಆಮೇಲೆ ಸೆಲ್ಫ್ ಹೊಡೆದರೆ ಒಂದೇ ಸಲ ‘ಟಕ್’ ಅಂದಿತು. ಮೌನವಾಯಿತು.

“ಲೈಟಿಲ್ಲದ ಗಾಡೀನ ಹುಲಿ ಕಾಡಿಗೆ ಬಿಡೋಕಾಗಲ್ಲ ಸಾರ್,” ಅಂದರು. ಅದಕ್ಕೆ ಎದುರು ಮಾತು ನನ್ನಲ್ಲೂ ಇರಲಿಲ್ಲ. ಖಾಲಿ ಕ್ಯಾರೆಟ್ ಚೀಲಗಳನ್ನು ಹೊದ್ದು ಸೀಟಿನ ಮೇಲೆ ಮುದುರಿಕೊಂಡೆ. ಮನೆಯಿಂದ ಫೋನು ಬಂತು. “ಎಲ್ಲಿದ್ದೀರಿ?” “ಗೇಟ್ ಹತ್ರ. ಲೈಟು ಹೋಗಿದೆ.” ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, “ಆ ಕೆಂಪು ದೀಪ ಏನಾಯ್ತು ರೀ?” “ಆರಿಹೋಯ್ತು,” ಅಂದೆ. ಪೂರ್ತಿ ಸುಳ್ಳಲ್ಲ.

ಬೆಳಿಗ್ಗೆ ಬಂದದ್ದು “ನೋಡೋಣ ಬಿಡಿ” ಮೆಕ್ಯಾನಿಕ್ಕೇ. ನೋಡಿದ. “ಬ್ಯಾಟರಿ ಬಲ್ಬೆಲ್ಲಿ ಸಾರ್?” ನಾನು ಜೇಬಿನಿಂದ ತೆಗೆದು ಅಂಗೈಯಲ್ಲಿ ಹಿಡಿದೆ, ಕದ್ದ ಮಾವಿನಕಾಯಿ ಒಪ್ಪಿಸುವ ಹುಡುಗನಂತೆ. ಆಗ ತಿಳಿದದ್ದು: ನಮ್ಮದರಂಥ ಹಳೆಯ ಗಾಡಿಗಳಲ್ಲಿ ಆ ಬಲ್ಬು ಬರೀ ಎಚ್ಚರಿಕೆಯ ದೀಪವಲ್ಲ. ಆಲ್ಟರ್ನೇಟರ್ ಕರೆಂಟು ಹುಟ್ಟಿಸಲು ಮೊದಲು ಅದಕ್ಕೇ ಒಂದು ಚಿಟಿಕೆ ಕರೆಂಟು ಬೇಕು, ಹಾಲು ಮೊಸರಾಗಲು ಹೆಪ್ಪು ಬೇಕಾದಂತೆ. ಆ ಹೆಪ್ಪು ಹೋಗುವುದು ಈ ಬಲ್ಬಿನ ಮೂಲಕ. ಬಲ್ಬು ಕಿತ್ತರೆ ಚಾರ್ಜೇ ಇಲ್ಲ. ಗೊಣಗುವ ಬಾಯಿ ಮುಚ್ಚಿಸಲು ಹೋಗಿ ನಾನು ಅಡುಗೆಮನೆಗೇ ಬೀಗ ಹಾಕಿದ್ದೆ.

ಇನ್ನು ಮೀಟರ್ ಬದಲಿಸದೆ ವಿಧಿಯಿಲ್ಲ. ಎಫ್‌ಸಿ, ಅಂದರೆ ಫಿಟ್‌ನೆಸ್ ತಪಾಸಣೆ, ಬೇರೆ ಹತ್ತಿರ ಬಂದಿತ್ತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಅದು ವರ್ಷವರ್ಷವೂ ಆಗಬೇಕು, ನಿಂತಲ್ಲೇ ಇಪ್ಪತ್ತರಲ್ಲಿ ಓಡುವ ಲಾರಿಗೆ ಯಾವ ಇನ್‌ಸ್ಪೆಕ್ಟರೂ ಸಹಿ ಹಾಕುವುದಿಲ್ಲ. ಇಷ್ಟು ಹಳೆಯ ಗಾಡಿಗೆ ಹೊಸ ಬೋರ್ಡು ಹುಡುಕುವುದಕ್ಕಿಂತ ಗುಜರಿಯೇ ವಾಸಿ ಎಂದು ಒಂದು ಗುಜರಿ ಅಂಗಡಿಗೆ ಹೋದೆ. ಫಳಫಳ ಹೊಳೆಯುವ ಬೋರ್ಡೊಂದು ಕಂಡಿತು. ಚೌಕಾಸಿ ಮಾಡಿ, ಗೆದ್ದು, ಮನೆಗೆ ತಂದು ಜೋಡಿಸಿದೆ. ದೀಪಗಳೆಲ್ಲ ಮಿಣುಕುಹುಳದಂತೆ ಉರಿದವು. ಸ್ಪೀಡಿನ ಮುಳ್ಳು ಮಾತ್ರ ಭಾರೀ ಧಾರಾಳಿ. ಮಸಿನಗುಡಿಗೆ ಕಲ್ಲಟ್ಟಿ ಘಾಟಿಯಲ್ಲಿ ಇಳಿಯುವಾಗ, ಆ 36 ಹೇರ್‌ಪಿನ್ ತಿರುವುಗಳಲ್ಲಿ, ಎರಡನೆಯ ಗೇರಿನಲ್ಲಿ ತೆವಳುತ್ತಿದ್ದವನಿಗೆ ಅದು ನಲವತ್ತು ತೋರಿಸಿತು. ನನ್ನ ಚಾಲನಾ ಕೌಶಲಕ್ಕೆ ನಾನೇ ಬೆರಗಾದೆ. ಹಿಂದಿನಿಂದ ಬಂದ ಟೀ ಎಲೆಯ ಟ್ರ್ಯಾಕ್ಟರ್ ಹಾರ್ನ್ ಹೊಡೆದು ಮುಂದೆ ಹೋದಾಗ ಅನುಮಾನ ಬಂತು.

ಅದು ದೊಡ್ಡ ಲಾರಿಯ ಬೋರ್ಡು. ಅವುಗಳದು 24 ವೋಲ್ಟು, ನಮ್ಮದು 12. ಚಕ್ರವೂ ದೊಡ್ಡದು, ಒಂದು ಸುತ್ತಿಗೆ ಹೆಚ್ಚು ದೂರ ಹೋಗುವಂಥದ್ದು. ನಮ್ಮ ಪುಟ್ಟ ಚಕ್ರದ ಅವಸರದ ಸುತ್ತುಗಳನ್ನು ಅದು ತನ್ನ ಲೆಕ್ಕದಲ್ಲಿ ಎಣಿಸುತ್ತಿತ್ತು. ಆನೆಯ ಕನ್ನಡಕ ಮೇಕೆಗೆ ತೊಡಿಸಿದ್ದೆ.

ಎರಡನೆಯ ಸಲ ಗುಜರಿಗೆ ಹೋಗುವಾಗ ನನ್ನಾಕೆ ಜೊತೆಗೆ ಬಂದಳು. ಹಳೆಯ ಬೋರ್ಡನ್ನು ಚೀಲದಲ್ಲಿ ತಂದಿದ್ದಳು. ವೋಲ್ಟು ನೋಡಿದಳು, ಹಿಂಬದಿಯ ಪ್ಲಗ್ಗಿನ ಪಿನ್ನುಗಳನ್ನು ಎಣಿಸಿದಳು, ಡಯಲ್ಲಿನ ಮೂಲೆಯ ಸಣ್ಣ ನಂಬರುಗಳನ್ನು ಜೋಡಿಸಿ ನೋಡಿದಳು. ಹದಿನೈದು ನಿಮಿಷ, ಸರಿಯಾದ ಬೋರ್ಡು ಸಿಕ್ಕಿತು. ಚೌಕಾಸಿಯೂ ಮಾಡಲಿಲ್ಲ, ಅಂಗಡಿಯವನೇ ಇಳಿಸಿದ.

ಮನೆಗೆ ಬಂದು ಜೋಡಿಸಿ ಕೀ ತಿರುಗಿಸಿದರೆ ಡೀಸೆಲ್ ಫುಲ್. ಹೀಟು ಕೆಂಪು. ಬ್ಯಾಟರಿ ದೀಪ ಮಂಕು. ಆಯುಧಪೂಜೆಯ ದಿನದ ಅದೇ ದೃಶ್ಯ. ನಾನು ಸ್ಟೇರಿಂಗಿಗೆ ಹಣೆ ಒತ್ತಿಕೊಂಡೆ.

ಆಕೆ ಟಾರ್ಚು ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದಳು. “ಎರಡು ಮುಳ್ಳು ಒಟ್ಟಿಗೇ ಸುಳ್ಳು ಹೇಳಿದ್ರೆ ತಪ್ಪು ಮುಳ್ಳಿನದಲ್ಲ, ಅರ್ತಿನದು ಅಂತ ಅಪ್ಪ ಹೇಳೋರು.” ಒಳಗಿನಿಂದ ಒಂದು ಕಂದು ಅರ್ತ್ ತಂತಿ ಎಳೆದು ತೋರಿಸಿದಳು. ಅದರ ತುದಿಯ ತಾಮ್ರದ ಬಳೆ, ಬಾಡಿಗೆ ಕಚ್ಚಿಸಿದ್ದ ತಿರುಪು ಎರಡೂ ತೊಳೆಯದ ಪಂಚಪಾತ್ರೆಯಂತೆ ಹಸಿರುಗಟ್ಟಿದ್ದವು. ಪಾತ್ರೆ ಉಜ್ಜುವ ಸ್ಟೀಲ್ ನಾರು ತಂದು ಉಜ್ಜಿದಳು, ತಿರುಪು ಬಿಗಿದಳು. ಕೀ ತಿರುಗಿಸಿದೆ. ಡೀಸೆಲ್ ಅರ್ಧಕ್ಕೆ ಇಳಿಯಿತು. ಹೀಟು ತಣ್ಣಗೆ ಮಲಗಿತು. ಇಂಜಿನ್ ಹೊತ್ತಿದೊಡನೆ ಕೆಂಪು ದೀಪ ಆರಿತು, ತಾನಾಗಿಯೇ.

“ಹಳೇ ಬೋರ್ಡಿಗೂ ಇಷ್ಟೇ ಆಗಿತ್ತೇನೋ,” ಅಂದಳು. ಹೌದು. ಅಕ್ಕಿ ಡ್ರಮ್ಮಿಗೆ ಇಳಿಯುವ ಮುಂಚೆ ಅದಕ್ಕಿದ್ದದ್ದು ಒಂದು ತಿರುಪಿನ ಕಾಯಿಲೆ. ಉಳಿದ ಕಾಯಿಲೆಗಳೆಲ್ಲ ವೈದ್ಯನ ಕಡೆಯಿಂದ ಬಂದವು.

ಒಂದು ಕೆಲಸವನ್ನು ಮಾತ್ರ ಆಕೆ ನನ್ನ ಕೈಯಲ್ಲೇ ಮಾಡಿಸಿದಳು. ಗುಜರಿ ಬೋರ್ಡಿನ ಕಿಲೋಮೀಟರ್ ಅಂಕಿ ನಮ್ಮದಕ್ಕಿಂತ ಬಹಳ ಕಡಿಮೆ ಇತ್ತು. ಗಾಡಿಗೆ ಒಂದೇ ದಿನದಲ್ಲಿ ಯೌವನ ಬಂದಿತ್ತು. ಆರ್‌ಸಿ ಇಡುವ ಚೀಲದಲ್ಲಿ ಒಂದು ನೋಟುಬುಕ್ಕು ಇಟ್ಟು, ಹಳೆಯ ಮೀಟರಿನ ಅಂಕಿ, ಹೊಸದರ ಅಂಕಿ, ಬದಲಿಸಿದ ತಾರೀಕು ಬರೆಸಿದಳು. ನಾಳೆ ಗಾಡಿ ಕೊಳ್ಳುವವನಿಗೆ ಮೋಸವಾಗಬಾರದು. “ಕಾರಣ” ಎಂಬ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದು ಕೇಳಿದೆ. “ಸ್ನಾನ ಅಂತ ಬರೀರಿ.” ಬರೆದಿದ್ದೇನೆ.

ಅರ್ತಿನ ತಿರುಪಿಗೆ ಆದ ಖರ್ಚು ಸೊನ್ನೆ. ನಾನು ಮಾಡಿದ ರಿಪೇರಿಯ ಖರ್ಚಿನಲ್ಲಿ ಮಗಳಿಗೆ ಹೊಸ ಹೇರ್ ಡ್ರೈಯರ್ ಸೇರಿದೆ. ಮುಂದಿನ ಆಯುಧಪೂಜೆಗೆ ಗಾಡಿ ತೊಳೆಯಲು ಹೊರಟಿರುವ ಬಂಧುಗಳೇ, ಹೊರಗೆ ಎಷ್ಟು ಬೇಕಾದರೂ ನೀರು ಹೊಯ್ಯಿರಿ. ಒಳಗಡೆ ಒದ್ದೆ ಬಟ್ಟೆ ಸಾಕು ಕಣ್ರೀ.